ಓದುಗರ ಸ್ಪಂದನ: ಅತ್ತೆಯವರ ತವರಿನ ಮುಚ್ಚಿಟ್ಟ ಮೂಲ

ಕಳೆದ ಸಂಚಿಕೆಯ ಸಮಸ್ಯೆ: ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿರುವ ಕನ್ನಡತಿಯೊಬ್ಬರ ಅಮೆರಿಕನ್ ಪತಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಾಗ ಶೇ 8ರಷ್ಟು ಪಶ್ಚಿಮ ಆಫ್ರಿಕಾದ ಮೂಲ ಕಂಡುಬಂದಿದೆ. ತಮ್ಮದು ಅಪ್ಪಟ ಫ್ರೆಂಚ್ ಮನೆತನವೆಂದು ಹೇಳುತ್ತ ಬಂದಿರುವ 78 ವರ್ಷದ ಅತ್ತೆಯವರು "ಅದು ಲ್ಯಾಬಿನವರ ತಪ್ಪು" ಎಂದು ಮಾತು ಮುಗಿಸಿದ್ದಾರೆ. ಅವರ ತಂದೆ ನ್ಯೂ ಆರ್ಲಿಯನ್ಸ್‌ನಿಂದ ಲಾಸ್ ಏಂಜಲೀಸ್‌ಗೆ ಬಂದು, ಅಲ್ಲಿ ಬಿಳಿಯ ಹೆಣ್ಣುಮಗಳನ್ನು ಮದುವೆಯಾದವರು. ಪತಿಗೆ ಈಗ ಆ ಅಜ್ಜನ ಮೇಲೆ ಕೋಪ, 14 ವರ್ಷದ ಮಗಳಿಗೆ ಕುತೂಹಲ. ಸುಮ್ಮನಿರಬೇಕೇ, ಹುಡುಕಬೇಕೇ, ವಿಷಯ ಹೊರಗೆ ತಿಳಿದರೆ ಮಗಳ ಭವಿಷ್ಯಕ್ಕೆ ತೊಂದರೆಯಾದೀತೇ ಎಂದು ಅವರು ಕೇಳಿದ್ದರು.

*

ಸೋದರಿ, ನಿಮ್ಮ ಪತಿ ತಮ್ಮ ಅಜ್ಜನನ್ನು ಮೋಸಗಾರ ಎನ್ನುವ ಮೊದಲು, ಅವರು ನಿಜ ಹೇಳಿದ್ದರೆ ಏನಾಗುತ್ತಿತ್ತು ಎಂಬುದನ್ನು ಸಮಾಧಾನವಾಗಿ ಯೋಚಿಸಬೇಕು. ಅವರ ಊರಾದ ನ್ಯೂ ಆರ್ಲಿಯನ್ಸ್‌ನಲ್ಲಿ 1892ರಲ್ಲಿ ಹೋಮರ್ ಪ್ಲೆಸಿ ಎಂಬುವರು ಬಿಳಿಯರ ರೈಲು ಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾದರು. ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕನ್ ಮೂಲದ ಅವರನ್ನು ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಪ್ಪುವರ್ಣೀಯರನ್ನು ಬೇರೆ ಡಬ್ಬಿಯಲ್ಲಿ ಕೂರಿಸುವ ಪ್ರತ್ಯೇಕತೆಯ ಕಾನೂನನ್ನು ಪ್ರಶ್ನಿಸುವುದಕ್ಕೆಂದೇ ಅವರು ತಮ್ಮ ಮೂಲವನ್ನು ತಾವಾಗಿ ಬಹಿರಂಗಪಡಿಸಿದರು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಎತ್ತಿಹಿಡಿಯಿತು. ಅಂದಮೇಲೆ ಆಫ್ರಿಕನ್ ಮೂಲವಿದ್ದೂ ಬಿಳಿಯರಂತೆ ಕಾಣುತ್ತಿದ್ದ ಮನೆಗಳವರಿಗೆ ಇದ್ದದ್ದು ಎರಡೇ ದಾರಿ: ಶಾಲೆ, ಆಸ್ಪತ್ರೆ, ಕೆಲಸ, ಮತದಾನ ಎಲ್ಲದರಲ್ಲೂ ಹಿಂದಿನ ಸಾಲಿನಲ್ಲಿ ನಿಲ್ಲುವುದು, ಇಲ್ಲವೇ ಗುರುತಿನವರಿಲ್ಲದ ದೂರದ ಊರಿಗೆ ಹೋಗಿ ಬಿಳಿಯರಾಗಿ ಬದುಕುವುದು.

ಲಾಸ್ ಏಂಜಲೀಸ್ ಅಂಥ ಊರಾಗಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲೂ ಬಿಳಿಯರು ಮತ್ತು ಕಪ್ಪುವರ್ಣೀಯರ ನಡುವಿನ ಮದುವೆ 1948ರ ಅಕ್ಟೋಬರ್‌ವರೆಗೆ ಅಸಿಂಧುವಾಗಿತ್ತು. ಆ ತಿಂಗಳು ರಾಜ್ಯದ ಸುಪ್ರೀಂ ಕೋರ್ಟ್ ನಿಷೇಧವನ್ನು ರದ್ದುಪಡಿಸಿತು. ನಿಮ್ಮ ಅತ್ತೆಯವರ ವಯಸ್ಸನ್ನು ನೋಡಿದರೆ ಅವರು ಹುಟ್ಟಿದ್ದು ಅದಕ್ಕೂ ಮುಂಚೆ. ಅವರ ತಂದೆಯ ಮೂಲ ಅಂದು ಬಯಲಾಗಿದ್ದರೆ ತಂದೆತಾಯಿಯ ಮದುವೆಗೆ ಕಾನೂನಿನ ಮಾನ್ಯತೆ ಇರುತ್ತಿರಲಿಲ್ಲ, ತೊಟ್ಟಿಲಲ್ಲಿದ್ದ ಕೂಸಿನ ಮೇಲೂ ಮಾತು ಬರುತ್ತಿತ್ತು. "ಲ್ಯಾಬಿನ ತಪ್ಪು" ಎಂದು ಅವರು ಹೇಳುವಾಗ ಅದರ ಹಿಂದೆ ಎಷ್ಟು ವರ್ಷದ ಅಂಜಿಕೆ ಇದ್ದೀತೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಮೂವತ್ತೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚು ಆಫ್ರಿಕನ್ ರಕ್ತವಿದ್ದರೆ ಕಪ್ಪುವರ್ಣೀಯರೆಂದು ದಾಖಲಿಸುವ ಕಾನೂನನ್ನು ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯ 1970ರಲ್ಲಿ ಮಾಡಿತು. ತನ್ನನ್ನು ಬಿಳಿಯಳೆಂದೇ ನಂಬಿಕೊಂಡು ಬಂದಿದ್ದ ಮಹಿಳೆಯೊಬ್ಬರು ಜನನಪತ್ರದ ವಿಷಯದಲ್ಲಿ ಮೊಕದ್ದಮೆ ಹೂಡಿ ದೇಶವಿಡೀ ಚರ್ಚೆಯಾದ ಮೇಲೆ, 1983ರಲ್ಲಷ್ಟೇ ಅದನ್ನು ತೆಗೆದುಹಾಕಿತು. ನೀವಿರುವ ವರ್ಜೀನಿಯಾದ 1924ರ ಕಾನೂನಂತೂ ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗುವುದನ್ನೇ ಅಪರಾಧವಾಗಿಸಿತ್ತು. ಬಿಳಿಯ ಗಂಡ, ಕಪ್ಪುವರ್ಣೀಯ ಹೆಂಡತಿಯಾಗಿದ್ದ ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಇಂಥ ನಿಷೇಧವನ್ನು ರದ್ದುಪಡಿಸಿ 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ, ನಿಮ್ಮ ಮತ್ತು ನಿಮ್ಮ ಪತಿಯ ಮದುವೆಯೂ ಆ ರಾಜ್ಯದಲ್ಲಿ ನಡೆಯುವಂತಿರಲಿಲ್ಲ.

ಇಷ್ಟು ಹೇಳಿದ ಮೇಲೂ, ಅಜ್ಜನನ್ನು ಪೂರ್ತಿಯಾಗಿ ನಿರ್ದೋಷಿಯೆನ್ನಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಅವರು ಮೂಲ ಮುಚ್ಚಿಟ್ಟು ಬಿಳಿಯರ ಬದುಕಿಗೆ ದಾಟಿ ಬಂದಾಗ ಹಿಂದೆ ಉಳಿದವರಿದ್ದರು. ಬಣ್ಣ ಸ್ವಲ್ಪ ಗಾಢವಾಗಿದ್ದ ಅಣ್ಣನೋ ತಂಗಿಯೋ ಇದ್ದಿದ್ದರೆ, ಅವರು ಈ ಮನೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಹೀಗೆಯೇ ಬಿಳಿಯರಾಗಿ ಬದುಕಿದ, ನ್ಯೂಯಾರ್ಕ್ ಟೈಮ್ಸ್‌ನ ಹೆಸರಾಂತ ವಿಮರ್ಶಕ ಅನಾಟೋಲ್ ಬ್ರೊಯಾರ್ಡ್ ಅವರ ಮಕ್ಕಳಿಗೆ ತಂದೆಯ ಮೂಲ ತಿಳಿದದ್ದು 1990ರಲ್ಲಿ, ಅವರು ಸಾವಿನ ಹಾಸಿಗೆಯಲ್ಲಿದ್ದಾಗ. ಕಪ್ಪುವರ್ಣೀಯಳಾಗಿಯೇ ಬಾಳಿದ ಸೋದರಿಯೊಬ್ಬಳು ಅವರಿಗಿದ್ದಳು. ಬಿಳಿಯರಂತೆ ಕಾಣುತ್ತಿದ್ದರೂ ದಾಟದವರೂ ಇದ್ದರು. ನೀಲಿ ಕಣ್ಣು, ಹೊಂಬಣ್ಣದ ಕೂದಲಿನ ವಾಲ್ಟರ್ ವೈಟ್ ತಮ್ಮ ಚಹರೆಯನ್ನು ಬಳಸಿಕೊಂಡು ದಕ್ಷಿಣದ ರಾಜ್ಯಗಳಲ್ಲಿ ಗುಂಪುಹತ್ಯೆಗಳ ತನಿಖೆ ನಡೆಸಿದರು, ಕಪ್ಪುವರ್ಣೀಯರ ಹಕ್ಕುಗಳ ದೊಡ್ಡ ಸಂಘಟನೆಯನ್ನು 1955ರಲ್ಲಿ ತೀರಿಕೊಳ್ಳುವವರೆಗೂ ಮುನ್ನಡೆಸಿದರು. ನಿಮ್ಮ ಪತಿ ತಮ್ಮ ಕೋಪವನ್ನು ಬದಿಗಿಟ್ಟು, ಅಜ್ಜ ಬಿಟ್ಟುಬಂದವರು ಯಾರು ಎಂದು ವಿಚಾರಿಸಲಿ.

— ನಿವೃತ್ತ ಇತಿಹಾಸ ಅಧ್ಯಾಪಕಿ, ಮೈಸೂರು

*

ಅಕ್ಕಾ, ನಾನು ಸಿದ್ದಿ ಸಮುದಾಯದವಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದ ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಉತ್ತರ ಕನ್ನಡದ ಕಾಡು ಸೇರಿದರೆಂದು ಹಿರಿಯರು ಹೇಳುತ್ತಾರೆ. ನಮ್ಮ ಕೂದಲು, ನಮ್ಮ ಮುಖ ಯಾವುದನ್ನೂ ಮುಚ್ಚಿಡುವಂತಿಲ್ಲ. ಬಸ್ಸಿನಲ್ಲಿ ಕುಳಿತರೆ "ನೀವು ಯಾವ ದೇಶದವರು" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ, ನಾವು ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುತ್ತಾರೆ.

ನಿಮ್ಮ ಪತ್ರದ ಕೊನೆಯ ಪ್ರಶ್ನೆಯನ್ನು ಓದಿ ನನಗೆ ನೋವಾಯಿತು. "ಮಗಳ ಭವಿಷ್ಯಕ್ಕೆ ತೊಂದರೆಯಾದೀತೇ" ಎಂದು ಕೇಳಿದ್ದೀರಿ. ನೀವು ಕೆಟ್ಟ ಮನಸ್ಸಿನಿಂದ ಬರೆದಿಲ್ಲವೆಂದು ನನಗೆ ಗೊತ್ತು, ತಾಯಿಯ ಹೆದರಿಕೆ ಅದು. ಆದರೂ ಆ ಮಾತು ಮಗಳ ಕಿವಿಗೆ ಬಿದ್ದರೆ, ಆಫ್ರಿಕಾದ ರಕ್ತವೆಂದರೆ ಹೆಣ್ಣಿಗೆ ಅಂಟಿದ ಕುಂದು ಎಂದೇ ಅವಳು ತಿಳಿಯುತ್ತಾಳೆ, ಅವಳ ತರಗತಿಯಲ್ಲಿರುವ ಕಪ್ಪು ಹುಡುಗಿಯನ್ನು ನಾಳೆ ಅದೇ ಕಣ್ಣಿನಿಂದ ನೋಡುತ್ತಾಳೆ. ನಿಮ್ಮ ಅತ್ತೆಯವರಿಗೆ ಚಿಕ್ಕಂದಿನಲ್ಲಿ ಯಾರೋ ಕಲಿಸಿದ ಪಾಠವೂ ಇದೇ ಇರಬೇಕು. ಮಗಳ ಕುತೂಹಲ ಚೆನ್ನಾಗಿದೆ, ಅದಕ್ಕೆ ಬೇಲಿ ಹಾಕಬೇಡಿ.

— ಓದುಗರೊಬ್ಬರು, ಯಲ್ಲಾಪುರ

*

ಮಾನ್ಯರೇ, ನಾನು ಷಿಕಾಗೋದಲ್ಲಿ ಗ್ರಂಥಪಾಲಕನಾಗಿದ್ದು, ವಂಶದ ದಾಖಲೆ ಹುಡುಕಿಕೊಂಡು ಬರುವವರಿಗೆ ನೆರವಾಗುವುದು ನನ್ನ ಕೆಲಸದ ಭಾಗವಾಗಿದೆ. 2025ರ ಮೇ ತಿಂಗಳಲ್ಲಿ ಹದಿನಾಲ್ಕನೆಯ ಲಿಯೋ ಪೋಪ್ ಆಗಿ ಆಯ್ಕೆಯಾದ ಬೆನ್ನಲ್ಲೇ, ಅವರ ತಾಯಿಯ ತಂದೆತಾಯಿ ನ್ಯೂ ಆರ್ಲಿಯನ್ಸ್‌ನ ಮಿಶ್ರ ಮೂಲದ ಕ್ರಿಯೋಲ್ ಜನವೆಂದೂ, 1900ರ ಜನಗಣತಿಯಲ್ಲಿ ಕಪ್ಪುವರ್ಣೀಯರೆಂದು ದಾಖಲಾದ ಅವರು ಷಿಕಾಗೋಗೆ ಬಂದ ಮೇಲೆ 1920ರ ಗಣತಿಯಲ್ಲಿ ಬಿಳಿಯರಾಗಿದ್ದಾರೆಂದೂ ಬೆಳಕಿಗೆ ಬಂತು. ನಿಮ್ಮ ಮನೆಯ ಕಥೆ ಎಷ್ಟೋ ಮನೆಗಳ ಕಥೆ.

ಮೊದಲು ಲೆಕ್ಕ ನೋಡಿ. ತಲೆಮಾರಿನಿಂದ ತಲೆಮಾರಿಗೆ ಈ ಪ್ರಮಾಣ ಹೆಚ್ಚೂಕಡಿಮೆ ಅರ್ಧವಾಗುತ್ತದೆ. ಪತಿಯ ಶೇ 8 ಪೂರ್ತಿಯಾಗಿ ಆ ಅಜ್ಜನ ಕಡೆಯಿಂದಲೇ ಬಂದಿದ್ದರೆ, ಅತ್ತೆಯವರಲ್ಲಿ ಸುಮಾರು ಶೇ 16, ಅಜ್ಜನಲ್ಲಿ ಸುಮಾರು ಶೇ 32 ಇದ್ದಿರಬೇಕು. ಹಾಗಿದ್ದರೆ ಅಜ್ಜನಿಗೆ ತಿಳಿಯದೆ ಇರುವುದು ಅಸಂಭವ. ವರದಿಯಲ್ಲಿನ ಶೇಕಡಾವಾರು ಅಂದಾಜು ಮಾತ್ರ, ಕಂಪನಿಗಳು ಅದನ್ನು ಆಗಾಗ ಬದಲಿಸುತ್ತವೆ. ಅದರ ಜೊತೆಗೇ ಬರುವ, ಅಲ್ಲಿಯೇ ಪರೀಕ್ಷೆ ಮಾಡಿಸಿಕೊಂಡ ರಕ್ತಸಂಬಂಧಿಗಳ ಪಟ್ಟಿಯನ್ನು ಹೆಚ್ಚು ನಂಬಬಹುದು.

ದಾಖಲೆಗಳಲ್ಲಿ 1920ರ ಗಣತಿಯ ನ್ಯೂ ಆರ್ಲಿಯನ್ಸ್ ಹಾಳೆಗಳಿಂದ ಆರಂಭಿಸಿ. ಆಗ ವ್ಯಕ್ತಿಯ ವರ್ಣವನ್ನು ಬರೆಯುತ್ತಿದ್ದವನು ಮನೆಗೆ ಬಂದ ಗಣತಿದಾರ. ಬಿಳಿಯರಿಗೆ 'ಡಬ್ಲ್ಯೂ', ಕಪ್ಪುವರ್ಣೀಯರಿಗೆ 'ಬಿ', ಮಿಶ್ರ ಮೂಲದವರಿಗೆ 'ಎಂಯು' ಎಂದು ಗುರುತು ಹಾಕುತ್ತಿದ್ದರು. 1930ರಲ್ಲಿ ಮಿಶ್ರರೆಂಬ ವರ್ಗವನ್ನೇ ತೆಗೆದು, ಎಷ್ಟೇ ಕಡಿಮೆ ಪಾಲಿದ್ದರೂ ನೀಗ್ರೋ ಎಂದೇ ಬರೆಯಬೇಕೆಂದು ಸೂಚನೆ ಕೊಟ್ಟರು. ಅಲ್ಲಿ ಕಪ್ಪುವರ್ಣೀಯನೋ ಮಿಶ್ರನೋ ಎಂದು ದಾಖಲಾದ ಅಜ್ಜ 1940 ಅಥವಾ 1950ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಿಳಿಯನಾಗಿ ಸಿಕ್ಕರೆ ದಾಟಿದ ಕಾಲ ನಿಮಗೆ ತಿಳಿಯುತ್ತದೆ. ಮುತ್ತಜ್ಜನ ಮೊದಲ ಮಹಾಯುದ್ಧದ ಸೇನಾ ನೋಂದಣಿ ಕಾರ್ಡು ಸಿಕ್ಕೀತೇ ನೋಡಿ. 1917ರ ಜೂನ್ 5ರಂದು ತುಂಬಿಸಿದ ಆ ಕಾರ್ಡಿನ ಎಡಬದಿಯ ಕೆಳಮೂಲೆಯಲ್ಲಿ, ವ್ಯಕ್ತಿ ಆಫ್ರಿಕನ್ ವಂಶದವನಾಗಿದ್ದರೆ ಈ ಮೂಲೆಯನ್ನು ಹರಿಯಿರಿ ಎಂದು ಅಚ್ಚಾಗಿರುತ್ತದೆ. ಹರಿದ ಮೂಲೆಯ ಕಾರ್ಡನ್ನು ಪರದೆಯ ಮೇಲೆ ಕಂಡು ಮಾತು ನಿಂತವರನ್ನು ನಾನು ನೋಡಿದ್ದೇನೆ.

ಗಣತಿಯ ಹಾಳೆಯಲ್ಲಿ ಅಜ್ಜನ ಹೆಸರಿನ ಮೇಲೆ ಕೆಳಗೆ ಒಡಹುಟ್ಟಿದವರ ಹೆಸರುಗಳೂ ಇರುತ್ತವೆ. ಮೊದಲ ಪತ್ರದಲ್ಲಿ ಹೇಳಿರುವ 'ಬಿಟ್ಟುಬಂದವರು' ಅವರೇ. ಅವರ ಮೊಮ್ಮಕ್ಕಳು ನಿಮ್ಮ ಪತಿಯ ಸಂಬಂಧಿಗಳ ಪಟ್ಟಿಯಲ್ಲಿ ಈಗಾಗಲೇ ಇರಬಹುದು, ಮತ್ತು ನನ್ನ ಅನುಭವದಲ್ಲಿ ಆ ಕಡೆಯವರಿಗೆ ಈ ಕಥೆ ಮೊದಲೇ ಗೊತ್ತಿರುತ್ತದೆ. ಹೊಸದೆನಿಸುವುದು ಈ ಕಡೆಯವರಿಗೆ.

ಅತ್ತೆಯವರ ಮುಂದೆ ವರದಿ ಹಿಡಿದು ವಾದಿಸಬೇಡಿ. ಅವರ ತಂದೆ ಯಾವ ಅಡುಗೆ ಇಷ್ಟಪಡುತ್ತಿದ್ದರು, ನ್ಯೂ ಆರ್ಲಿಯನ್ಸ್‌ನಿಂದ ಕಾಗದ ಬರುತ್ತಿತ್ತೇ, ತನ್ನ ತಾಯಿ ತೀರಿಕೊಂಡಾಗ ಅವರು ಊರಿಗೆ ಹೋಗಿದ್ದರೇ ಎಂದು ಬಿಡುವಾದಾಗ ಕೇಳಿ, ಹೇಳಿದಷ್ಟನ್ನು ಬರೆದಿಟ್ಟುಕೊಳ್ಳಿ. ಅವರು ಒಪ್ಪದಿದ್ದರೂ ನಿಮ್ಮ ಪತಿಗೆ ತನ್ನ ಸಂಬಂಧಿಗಳಿಗೆ ಬರೆಯುವ ಹಕ್ಕಿದೆ. ಆದರೆ ಅತ್ತೆಯವರ ಹೆಸರು, ಫೋಟೊಗಳನ್ನು ಅವರ ಅನುಮತಿಯಿಲ್ಲದೆ ಅಂತರ್ಜಾಲದ ವಂಶವೃಕ್ಷಗಳಿಗೆ ಹಾಕುವುದು ಸರಿಯಲ್ಲ. ಬರೆಯುವಾಗ ಅಜ್ಜನ ಹೆಸರು, ಹುಟ್ಟಿದ ವರ್ಷ, ಗಣತಿಯಲ್ಲಿ ಸಿಕ್ಕ ವಿಳಾಸ ಕೊಟ್ಟು, ನಮಗೆ ತಿಳಿದದ್ದು ಇಷ್ಟು, ನಿಮಗೆ ಹೇಳಲು ಮನಸ್ಸಿದ್ದರೆ ಕೇಳಲು ಸಿದ್ಧರಿದ್ದೇವೆ ಎಂದಷ್ಟೇ ತಿಳಿಸಿ. ಉತ್ತರ ಬಾರದಿದ್ದರೆ ಒತ್ತಾಯ ಮಾಡಬೇಡಿ, ಅವರ ಅಜ್ಜಿಯೋ ಅಜ್ಜನೋ ಒಮ್ಮೆ ಇದೇ ಮನೆಯವರಿಂದ ದೂರವಾದವರು.

— ಗ್ರಂಥಪಾಲಕ, ಷಿಕಾಗೋ