ವಿಜಯಪುರದಾಗ ಸಣ್ಣ ಎಸ್‌ಯುವಿ ತೊಗೊಳ್ಳೋದೋ, ಮಿಡ್‌ಸೈಜ್ ಸೆಡಾನೋ?

ಎರಿಹೊಲ_28 (ವಿಜಯಪುರ)

ನಮಸ್ಕಾರ ರೀ ಎಲ್ಲಾರಿಗೂ. ಆನ್‌ರೋಡ್ 15 ಲಕ್ಷದೊಳಗ ಹೊಸಾ ಕಾರು ನೋಡ್ಲಿಕತ್ತೀನಿ. ಓಡಾಟ ತಿಂಗಳಿಗೆ 1,200 ಕಿ.ಮೀ. ಅದ್ರಾಗ 800 ಹುಬ್ಬಳ್ಳಿಗೆ ಎರಡು ಸಲ ಹೋಗಿ ಬರೋದು, ಎನ್‌ಎಚ್ 52 ಮ್ಯಾಲೆ. ಉಳಿದದ್ದು ಊರಾಗ, ಮತ್ತ ವಾರಕ್ಕೊಮ್ಮೆ ಬಸವನ ಬಾಗೇವಾಡಿ ಕಡೆ ಹಳ್ಳಿಗೆ. ದೊಡ್ಡ ರಸ್ತೆ ಬಿಟ್ಟ ಮ್ಯಾಲೆ 7 ಕಿ.ಮೀ ದಾರಿ, 9 ಹಂಪ್, ಕಡೀಕ ಒಂದು ಕಿ.ಮೀ ಬರೇ ಎರಿ ಮಣ್ಣು. ಐದು ಮಂದಿ ಕೂಡಬೇಕು. ಇಬ್ಬರು 65 ದಾಟಿದವರು, ಮೊಣಕಾಲು ನೋವು. ಬರುವಾಗ ಜೋಳದ ಚೀಲ ಒಂದೆರಡು ಇದ್ದೇ ಇರ್ತಾವ.

ಸಣ್ಣ ಎಸ್‌ಯುವಿ ನೆಕ್ಸಾನ್, ಬ್ರೆಝಾ ಒಂದು ಕಡೆ, ಸೆಡಾನ್ ವರ್ಟಸ್ 1.0, ಹೋಂಡಾ ಸಿಟಿ ಇನ್ನೊಂದು ಕಡೆ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿ ಅಡಿತನಕ ಎತ್ತರ) ಒಂದ ನೋಡಿ ತೊಗೊಂಡ್ರ ತಪ್ಪಾಗ್ತದೇನು? ಡೀಸೆಲ್ ಬೇಕೋ ಬ್ಯಾಡೋ? ತಿಳದವರು ಹೇಳ್ರಿ.

ಲೇಥ್‌ಮಷೀನ್ (ಬೆಳಗಾವಿ)

ಕ್ಲಿಯರೆನ್ಸ್ ನೋಡಲೇಬೇಕು. ಆದರೆ ಬ್ರೋಷರಿನ ಅಂಕಿ ಖಾಲಿ ಕಾರಿನದು ಅನ್ನೋದು ನೆನಪಿರಲಿ. ಸಿಟಿ 165 ಮಿ.ಮೀ, ವರ್ಟಸ್ 179, ಬ್ರೆಝಾ 198, ನೆಕ್ಸಾನ್ 208. ಐದು ಜನ ಕೂತು ಡಿಕ್ಕಿ ತುಂಬಿದರೆ ಸ್ಪ್ರಿಂಗ್ ಸುಮಾರು 30ರಿಂದ 40 ಮಿ.ಮೀ ಕುಸಿಯುತ್ತದೆ. ಅಂದರೆ ನಿಮ್ಮ ಹಳ್ಳಿ ದಾರಿಯಲ್ಲಿ ಸಿಟಿಗೆ ಉಳಿಯೋದು 130ರ ಆಸುಪಾಸು, ವರ್ಟಸ್‌ಗೆ 145, ಬ್ರೆಝಾಕ್ಕೆ 160, ನೆಕ್ಸಾನ್‌ಗೆ 170.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅಷ್ಟು ಅಗಲ ಇದ್ದರೆ ಮುಂದಿನ ಹಿಂದಿನ ಗಾಲಿ ಎರಡೂ ಒಟ್ಟಿಗೆ ಹಂಪ್ ಮೇಲೇ ನಿಲ್ಲುತ್ತವೆ, ಕಾರೂ ಅದರ ಜೊತೆ ಮೇಲೇಳುತ್ತದೆ. ಲೆಕ್ಕ ಹಾಕಿದರೆ ವರ್ಟಸ್‌ನ 2,651 ಮಿ.ಮೀ ವೀಲ್‌ಬೇಸಿಗೆ (ಮುಂದಿನ ಹಿಂದಿನ ಗಾಲಿಯ ಅಂತರ) ನಡುವೆ ಉಬ್ಬು ಬರೋದು 52 ಮಿ.ಮೀ ಮಾತ್ರ, ಬ್ರೆಝಾದ 2,500ಕ್ಕೆ 46. ಇಂಥ ಹಂಪ್ ಮೇಲೆ ಯಾವ ಸೆಡಾನೂ ತಗಲುವುದಿಲ್ಲ.

ತಗಲುವುದು ಊರವರು ರಾತ್ರೋರಾತ್ರಿ ಹಾಕಿದ ಕಾಂಕ್ರೀಟ್ ದಿಂಡು. ಅಗಲ ಒಂದು ಮೀಟರೂ ಇಲ್ಲ, ಎತ್ತರ 15 ಸೆಂ.ಮೀ. ಅದು ಕಾರಿನ ನಡುವಿಗೆ ಬರುವ ಹೊತ್ತಿಗೆ ನಾಲ್ಕೂ ಗಾಲಿ ಸಪಾಟು ನೆಲದ ಮೇಲಿರುತ್ತವೆ. ಆಗ ಅಡಿಭಾಗ ಪೂರ್ತಿ 150 ಮಿ.ಮೀ ದಾಟಬೇಕು. ಮೇಲಿನ ಅಂಕಿಗಳ ಜೊತೆ ಇಟ್ಟು ನೋಡಿ, ಉತ್ತರ ಅಲ್ಲೇ ಇದೆ. ಹಾಗಾಗಿ 9 ಹಂಪಿನ ಎತ್ತರ, ಅಗಲ ಎರಡನ್ನೂ ಟೇಪ್ ಹಿಡಿದು ಅಳೆಯಿರಿ. ಒಂದು ಹಲಗೆ ಅಡ್ಡ ಇಟ್ಟು ಅದರ ತಳದಿಂದ ರಸ್ತೆವರೆಗೆ ಅಳೆದರೆ ಎತ್ತರ ಸರಿಯಾಗಿ ಸಿಗುತ್ತದೆ.

ದಾಟುವಾಗ ಆಗುವ ತಪ್ಪು ಇನ್ನೊಂದು: ಹಂಪ್ ಮೇಲೆ ಏರುವವರೆಗೂ ಬ್ರೇಕ್ ಒತ್ತಿಕೊಂಡೇ ಹೋಗೋದು. ಬ್ರೇಕ್ ಹಿಡಿದಾಗ ಮೂತಿ ಇನ್ನಷ್ಟು ಕೆಳಗಿರುತ್ತದೆ. ಮೊದಲೇ ನಿಧಾನ ಮಾಡಿ, ಗಾಲಿ ಹಂಪಿಗೆ ಮುಟ್ಟುವ ಮುಂಚೆ ಬ್ರೇಕ್ ಬಿಡಬೇಕು. ಓರೆಯಾಗಿ ಹತ್ತಿಸಿದರೆ ಒಂದು ಗಾಲಿ ಮೇಲಿರುವಾಗಲೇ ನಡುಭಾಗ ದಾಟುತ್ತದೆ, ಆದರೆ ಎದುರು ಗಾಡಿ ಇಲ್ಲದಾಗ ಮಾತ್ರ.

ಸೆಡಾನ್ ತಗೊಂಡು ಆಮೇಲೆ ರಬ್ಬರ್ ಸ್ಪೇಸರ್ ಹಾಕಿಸಿ ಎತ್ತರಿಸೋಣ ಅನ್ನೋ ಯೋಚನೆ ಇದ್ದರೆ ಬಿಡಿ. 15–20 ಮಿ.ಮೀ ಸಿಗಬಹುದು, ಆದರೆ ಗಾಲಿ ತಿರುಗಿಸುವ ಡ್ರೈವ್‌ಶಾಫ್ಟ್ ಕೋನ ಬದಲಾಗಿ ಅದರ ಕೀಲು, ಅಂದರೆ ಸಿವಿ ಜಾಯಿಂಟ್ ಬೇಗ ಸವೆಯುತ್ತದೆ, ಸಸ್ಪೆನ್ಶನ್ ವಾರಂಟಿಗೂ ಕುತ್ತು. ಕಬ್ಬಿಣದ ಎಂಜಿನ್ ಗಾರ್ಡ್ ಹಾಕಿಸಿದರೆ ಆಯಿಲ್ ಸಂಪ್ (ಎಂಜಿನ್ ಆಯಿಲಿನ ತಳದ ತೊಟ್ಟಿ) ಉಳಿಯುತ್ತದೆ ನಿಜ, ಇರುವ ಕ್ಲಿಯರೆನ್ಸಿನಲ್ಲೇ ಅದು ಒಂದು ಸೆಂಟಿಮೀಟರ್ ತಿಂದುಹಾಕುತ್ತದೆ.

ಘಟಪ್ರಭಾ_ದಂಡಿ (ಬಾಗಲಕೋಟೆ)

ಅಣ್ಣಾರು ಹಂಪಿಂದು ಬರೋಬ್ಬರಿ ಹೇಳ್ಯಾರ. ಎರಿ ಮಣ್ಣಿಂದು ನಾ ಹೇಳ್ತೀನಿ, ಯಾಕಂದ್ರ ಎಸ್‌ಯುವಿ ಅಂದಕೂಡ್ಲೆ ಹೊಲದಾಗ ಹೊಕ್ಕು ಬರತೈತಿ ಅಂತ ಮಂದಿ ತಿಳ್ಕೊಂಡಾರ. ನೀವು ಬರದ ನಾಕೂ ಗಾಡಿ ಮುಂದಿನ ಗಾಲಿ ಎಳೆಯೂವ. ನೆಕ್ಸಾನ್ ಇರಲಿ ಸಿಟಿ ಇರಲಿ, ಹಸಿ ಎರಿಯೊಳಗ ಎರಡೂ ಒಂದ. ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಟಾಯರಿನ ಗೀರಿನಾಗ ತುಂಬಿ ಕೂಡತೈತಿ, ನಾಕು ಸುತ್ತಿನಾಗ ಟಾಯರು ಬೋಳು ಆದಂಗ. ಹೈಟ್ ಇದ್ರ ಹೊಟ್ಟಿ ಮಣ್ಣಿಗೆ ಹತ್ತಂಗಿಲ್ಲ, ಅಷ್ಟ ಲಾಭ. ಮಳಿ ಬಿದ್ದ ಮರುದಿನ ಆ ಕಡೀ ಕಿಲೋಮೀಟರ್ ಯಾವ ಗಾಡಿನೂ ಒಯ್ಯಬ್ಯಾಡ್ರಿ.

ಸಿಕ್ಕೊಂಡ್ರ ಎಕ್ಸಲೇಟರ್ ತುಳೀಬ್ಯಾಡ್ರಿ, ತುಳದಷ್ಟು ಕುಣಿ ಆಕ್ಕೈತಿ. ಟ್ರ್ಯಾಕ್ಷನ್ ಕಂಟ್ರೋಲ್ ಇದ್ರ ಬಟನ್ ಒತ್ತಿ ಆಫ್ ಮಾಡ್ರಿ, ಇಲ್ಲಂದ್ರ ಗಾಲಿ ಜಾರೂದ ತಡ ಎಂಜಿನ್ ತಾಕತ್ತು ಕಡಿಮಿ ಮಾಡತೈತಿ. ಮುಂದಿನ ಎರಡೂ ಗಾಲಿ ಮುಂದ ಕಬ್ಬಿನ ರವದಿ ಇಲ್ಲಾ ಜೋಳದ ಕಣಕಿ ದಪ್ಪಗ ಹಾಸಿ, ಎರಡನೇ ಗೇರಿನಾಗ ಕ್ಲಚ್ ಸಾವಕಾಶ ಬಿಡ್ರಿ. ಹಿಂದ ದೂಡಾವ್ರು ಗಾಲಿ ಎದುರಿಗೆ ನಿಂದರಬಾರ್ದು.

ಇನ್ನೊಂದು. ಎರಿಯಿಂದ ಹೊರಗ ಬಂದು ಹೈವೇ ಹಿಡದ ಮ್ಯಾಲೆ 80ಕ್ಕ ಸ್ಟೇರಿಂಗ್ ನಡಗಾಕ ಹತ್ತಿದ್ರ ಅಲೈನ್‌ಮೆಂಟಿಗೆ ಓಡಬ್ಯಾಡ್ರಿ. ಡಿಸ್ಕ್ ವೀಲಿನ ಒಳಮೈಗೆ ಮಣ್ಣಿನ ಹೆಂಟಿ ಹತ್ತಿ ಒಣಗಿರತೈತಿ, ಅದಕ್ಕ ಬ್ಯಾಲೆನ್ಸ್ ಕೆಟ್ಟಿರತೈತಿ. ಗಾಲಿ ಹಿಂದ ಕೈ ಹಾಕಿ ಕಟಗಿ ತುಂಡಿಲೆ ಕೆತ್ತಿ ತಗೀರಿ, ನಡುಕ ಹೋಕ್ಕೈತಿ. ಹಸಿ ಇದ್ದಾಗ ನೀರು ಹೊಡದ್ರ ಎರಡು ನಿಮಿಷದ ಕೆಲಸ, ಒಣಗಿದ್ರ ಕಲ್ಲು.

ಟಾಯರು ನೋಡ್ರಿ ಮದ್ಲ, ಬಾಡಿ ಆಮ್ಯಾಲೆ. ನೆಕ್ಸಾನ್, ಬ್ರೆಝಾಕ್ಕ 215/60 ಆರ್16: ಗೋಡಿ (ರಿಮ್ಮಿನಿಂದ ನೆಲದ ತನಕ ರಬ್ಬರು) ಎತ್ತರ 129 ಮಿ.ಮೀ. ವರ್ಟಸ್‌ಗೆ 205/55 ಆರ್16: 113. ಸಿಟಿ ಮ್ಯಾಲಿನ ಮಾಡೆಲ್ಲಿಗೆ 185/55 ಆರ್16: 102 ಅಷ್ಟ. ತೆಗ್ಗಿನ ಅಂಚಿಗೆ ಬಡದ್ರ ಗಿಡ್ಡ ಗೋಡಿಯ ಟಾಯರು ಉಬ್ಬತೈತಿ, ಅಲಾಯ್ ಬೆಂಡಾಕ್ಕೈತಿ. ಹಳ್ಳಿ ರಸ್ತೆಗೆ ಸಣ್ಣ ಎಸ್‌ಯುವಿ ಆರಾಮ ಅನ್ನಿಸೂದು ಅರ್ಧ ಈ ರಬ್ಬರಿನ ಕೃಪೆ.

ಚೀಲದ ಮಾತು. ಲೀಟರ್ ಲೆಕ್ಕಕ್ಕ ಸೆಡಾನ್ ಗೆದ್ದಂಗ: ವರ್ಟಸ್ 521, ಸಿಟಿ 506, ನೆಕ್ಸಾನ್ 382, ಬ್ರೆಝಾ 328. ಆದ್ರ ಸೆಡಾನಿನ ಡಿಕ್ಕಿ ಬಾಯಿ ಸಣ್ಣದು, 50 ಕೆಜಿ ಚೀಲ ಬಗ್ಗಿ ಒಳಗ ತಳ್ಳಬೇಕು, ಎತ್ತಿ ತಗಿಯೂವಾಗ ನಡ ಹಿಡಿತೈತಿ. ಎಸ್‌ಯುವಿಗೆ ನೆಟ್ಟಗ ನಿಂತ ಇಡಬಹುದು. ತೂಕಾನೂ ನೋಡ್ರಿ: ಇಂಥ ಗಾಡಿಗೆಲ್ಲಾ ಹೊರೂ ಮಿತಿ ಸುಮಾರು 400–450 ಕೆಜಿ. ಐದು ಮಂದಿ 330 ಹಿಡದ್ರ ಎರಡು ಚೀಲಕ್ಕ ತುಂಬಿತು. ಮೂರನೇದು ಹಾಕಬ್ಯಾಡ್ರಿ.

ಕೊಟೇಶನ್_ಕಾಕಾ (ವಿಜಯಪುರ)

ರೊಕ್ಕದ ಲೆಕ್ಕ ಯಾರೂ ಬರೆದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಹೀಗಿದೆ: ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಆದರೆ 1,200 ಸಿಸಿ ಒಳಗೆ, ಡೀಸೆಲ್ ಆದರೆ 1,500 ಸಿಸಿ ಒಳಗೆ ಇದ್ದರೆ ಶೇ. 18. ಉಳಿದದ್ದಕ್ಕೆ ಶೇ. 40. ನೆಕ್ಸಾನ್ ಪೆಟ್ರೋಲ್ 1,199 ಸಿಸಿ, ಡೀಸೆಲ್ 1,497 ಸಿಸಿ, ಎರಡೂ 18ರಲ್ಲಿ. ವರ್ಟಸ್‌ಗೆ 999 ಸಿಸಿ ಎಂಜಿನ್ನೇ ಇದ್ದರೂ ಉದ್ದ 4,561 ಮಿ.ಮೀ, ಹಾಗಾಗಿ 40. ಬಹಳ ಮಂದಿ ಗಮನಿಸದ್ದು ಬ್ರೆಝಾ: ಉದ್ದ 3,995 ಮಿ.ಮೀ ಸರಿ, ಆದರೆ ಎಂಜಿನ್ 1,462 ಸಿಸಿ. ಅದೂ 40ರಲ್ಲೇ. ಸಣ್ಣ ಗಾಡಿ ಅಂತ ನೋಡಿದರೆ ತೆರಿಗೆ ದೊಡ್ಡ ಗಾಡಿಯದು.

ಆಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಗೆರೆ ದಾಟಿದರೆ ಪೂರ್ತಿ ಬೆಲೆಗೆ ಹೊಸ ದರ ಬೀಳುತ್ತದೆ. 9.95 ಲಕ್ಷದ ಗಾಡಿಗೆ ತೆರಿಗೆ, ಸೆಸ್ ಸೇರಿ 1,54,623 ರೂ.; 10.05 ಲಕ್ಷದ್ದಕ್ಕೆ 1,89,643. ಹತ್ತು ಸಾವಿರದ ವಿಶೇಷ ಬಣ್ಣಕ್ಕೆ ಮನಸೋತರೆ 35 ಸಾವಿರ ಸರಕಾರಕ್ಕೆ. 10 ಲಕ್ಷದ ಮೇಲಿದ್ದರೆ ಶೇ. 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದರೆ ವಾಪಸ್ ಬರುತ್ತದೆ.

ನಿಮ್ಮ 15 ಲಕ್ಷಕ್ಕೆ ಎಕ್ಸ್‌ಶೋರೂಂ 12 ಲಕ್ಷಕ್ಕೆ ನಿಲ್ಲಬೇಕು: ತೆರಿಗೆ 2.26 ಲಕ್ಷ, ಟಿಸಿಎಸ್ 12 ಸಾವಿರ, ವಿಮೆ 50 ಸಾವಿರದ ಆಸುಪಾಸು. ಆ ದುಡ್ಡಿಗೆ ಸೆಡಾನಿನಲ್ಲಿ ಕೆಳಗಿನ ವೇರಿಯಂಟ್ ಸಿಗುತ್ತದೆ, ನೆಕ್ಸಾನಿನಲ್ಲಿ ಮೇಲಿನದರ ಹತ್ತಿರ ಹೋಗಬಹುದು.

ಡೀಸೆಲ್: ಈ ವರ್ಗದ ಸೆಡಾನಿನಲ್ಲಿ 2023ರಲ್ಲಿ ಸಿಟಿ, ವೆರ್ನಾ ಎರಡೂ ನಿಲ್ಲಿಸಿದ ಮೇಲೆ ಡೀಸೆಲ್ಲೇ ಉಳಿದಿಲ್ಲ. ಬ್ರೆಝಾದಲ್ಲೂ ಇಲ್ಲ, ಹಾಗಾಗಿ ಪ್ರಶ್ನೆ ನೆಕ್ಸಾನಿಗೆ ಮಾತ್ರ. ಪೆಟ್ರೋಲ್ 103, ಡೀಸೆಲ್ 91 ರೂ. ಹಿಡಿಯಿರಿ. ಪೆಟ್ರೋಲ್ 14 ಕಿ.ಮೀ ಕೊಟ್ಟರೆ ಕಿಲೋಮೀಟರಿಗೆ 7.36 ರೂ., ಡೀಸೆಲ್ 19 ಕೊಟ್ಟರೆ 4.79. ಉಳಿತಾಯ 2.57. ಗಾಡಿ ಬೆಲೆಯಲ್ಲಿ ಒಂದೂಕಾಲು ಲಕ್ಷ ಫರಕಿದ್ದರೆ ಸುಮಾರು 48,600 ಕಿ.ಮೀಗೆ ಸಮ. ನೀವು ವರ್ಷಕ್ಕೆ 14,400 ಓಡಿಸುವವರು, ಮೂರೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ. ಸರ್ವಿಸ್ ಖರ್ಚು ಸೇರಿಸಿ ನಾಲ್ಕು ಅನ್ನಿ. ಬರೀ ಊರೊಳಗೆ 3–4 ಕಿ.ಮೀ ಓಡಿಸುವವರಿಗೆ ನಾನು ಡೀಸೆಲ್ ಬೇಡ ಅಂತೀನಿ: ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ಸುಡಲು ಎಂಜಿನ್ ಕಾಯ್ದು 15–20 ನಿಮಿಷ ಒಂದೇ ಓಟದಲ್ಲಿ ಓಡಬೇಕು. ನಿಮಗೆ ತಿಂಗಳಿಗೆ ಎರಡು ಸಲ ಹುಬ್ಬಳ್ಳಿ ಇದೆಯಲ್ಲ, ಆ ಚಿಂತೆ ಇಲ್ಲ. ಏಳೆಂಟು ವರ್ಷ ಇಟ್ಟುಕೊಳ್ಳುವುದಾದರೆ ಡೀಸೆಲ್ ಸರಿ.

ಪೆಟ್ರೋಲ್ ಮೈಲೇಜ್ ಕಡಿಮೆ ಹಿಡಿದಿದ್ದು ಬೇಕಂತಲೇ. ಕಬ್ಬಿನಿಂದಲೂ ತೆಗೆಯುವ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ಶೇ. 20 ಎಥೆನಾಲ್ ಬೆರೆತದ್ದು. ಮುಧೋಳ, ಜಮಖಂಡಿ ಕಬ್ಬು ನಮ್ಮ ಟ್ಯಾಂಕಿಗೇ ವಾಪಸ್ ಬರ್ತಿದೆ ಅನ್ನಿ.

ರಾತ್ರಿಪಾಳಿ_52 (ಬಾಗಲಕೋಟೆ)

ಎಲ್ಲರೂ ಹಳ್ಳಿಯ 7 ಕಿ.ಮೀ ಹಿಡಿದು ಜಗ್ಗಾಡ್ತಿದ್ದೀರಿ. ತಿಂಗಳ 1,200ರಲ್ಲಿ 800 ಹೈವೇ! ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಬ್ರೆಝಾ ಎತ್ತರ 1,685 ಮಿ.ಮೀ, ವರ್ಟಸ್ 1,507. ಕೊಲ್ಹಾರದ ಕೃಷ್ಣಾ ಸೇತುವೆ ಮೇಲೆ ಅಡ್ಡಗಾಳಿ ಬೀಸಿದಾಗ ಎತ್ತರದ ಗಾಡಿ ಅಲ್ಲಾಡುತ್ತದೆ, ಸೆಡಾನ್ ಅಷ್ಟು ಅಲ್ಲಾಡಲ್ಲ. ಕಬ್ಬು ನುರಿಸುವ ದಿನಗಳಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಲೈಟೂ ಇಲ್ಲದೆ, ರಿಫ್ಲೆಕ್ಟರೂ ಇಲ್ಲದೆ ಹೋಗ್ತಿರುತ್ತವೆ. ಕತ್ತಲಲ್ಲಿ ತಟ್ಟನೆ ಬಲಕ್ಕೆ ಎಳೆದು ಮತ್ತೆ ಎಡಕ್ಕೆ ತರಬೇಕಾದಾಗ ತಗ್ಗಿನ ಗಾಡಿ ಹೆಚ್ಚು ಹಿಡಿತದಲ್ಲಿರುತ್ತದೆ. ಎಸ್‌ಯುವಿ ತಗೊಂಡರೂ ಜಾರಿದಾಗ ಗಾಡಿ ಹಿಡಿತದಲ್ಲಿಡುವ ಇಎಸ್‌ಸಿ ಇಲ್ಲದ ವೇರಿಯಂಟ್ ಮುಟ್ಟಬೇಡಿ. ನೆಕ್ಸಾನ್, ವರ್ಟಸ್ ಎರಡಕ್ಕೂ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಅಪಘಾತ ಪರೀಕ್ಷೆಗೆ 5 ಸ್ಟಾರ್ ಇದೆ.

ಲೇಥ್‌ಮಷೀನ್ (ಬೆಳಗಾವಿ)

ರಾತ್ರಿಪಾಳಿ ಅವರ ಮಾತು ಒಪ್ಪಿದೆ. ಆದರೆ ಹೈವೇಯಲ್ಲಿ ಸ್ವಲ್ಪ ಅಲ್ಲಾಡಿದರೆ 90ಕ್ಕೆ ಇಳಿಸಬಹುದು, ಸಂಪ್ ಒಡೆದರೆ ಅಲ್ಲೇ ಕೂತ್ಕೋಬೇಕು.

ಮೊಣಕಾಲಿನ ವಿಷಯ ಬಿಟ್ಟಿದ್ದೆ. ಮನೆಯಲ್ಲಿ ಹಿರಿಯರು ಆರಾಮಾಗಿ ಎದ್ದು ಕೂಡುವ ಕುರ್ಚಿಯ ಎತ್ತರ ಅಳೆದುಕೊಳ್ಳಿ. ಶೋರೂಮಿಗೆ ಟೇಪ್ ಒಯ್ದು ಹಿಂದಿನ ಸೀಟಿನ ಅಂಚು ನೆಲದಿಂದ ಎಷ್ಟಿದೆ ನೋಡಿ. ಸೀಟು ಕುರ್ಚಿಗಿಂತ ಸ್ವಲ್ಪ ಮೇಲಿದ್ದರೆ ಜಾರಿ ಕೂತು ಜಾರಿ ಇಳಿಯಬಹುದು. ಕೆಳಗಿದ್ದರೆ ಪ್ರತಿ ಸಲ ಮೊಣಕಾಲು ಮಡಚಿ ಎದ್ದು ನಿಲ್ಲಬೇಕು. ಬಾಗಿಲ ಹೊಸ್ತಿಲಿನ ಅಗಲವೂ ಮುಖ್ಯ, ಸೀರೆ ಉಟ್ಟವರು ಕಾಲು ಎತ್ತಿ ದಾಟಬೇಕಲ್ಲ. ಅವರನ್ನೇ ಕರೆದುಕೊಂಡು ಹೋಗಿ ಐದು ಸಲ ಹತ್ತಿಸಿ ಇಳಿಸಿ ನೋಡಿ, ಒಂದು ಸಲಕ್ಕೆ ಗೊತ್ತಾಗಲ್ಲ.

ಎರಿಹೊಲ_28 (ವಿಜಯಪುರ)

ಅಳದ್ವಿರಿ. 9ರಾಗ 6 ಹಂಪ್ ಅಗಲ ಇದ್ದಾವು, ತೊಂದ್ರಿ ಇಲ್ಲ. 3 ಮಾತ್ರ ದಿಂಡು: ಎತ್ತರ 14, 15, 16 ಸೆಂ.ಮೀ, ಅಗಲ 80–90. ಕುರ್ಚಿ 46 ಸೆಂ.ಮೀ. ಸಿಟಿ, ವರ್ಟಸ್ ಎರಡೂ ಲಿಸ್ಟಿನಿಂದ ತಗದೆ. ಬ್ರೆಝಾಕ್ಕ 40 ಜಿಎಸ್‌ಟಿ ಅಂತ ಗೊತ್ತಿರಲಿಲ್ಲ. ನೆಕ್ಸಾನ್ ಡೀಸೆಲ್ ಟೆಸ್ಟ್ ಡ್ರೈವ್ ಈ ಐತವಾರ. ಏನೇನು ನೋಡಬೇಕು?

ಘಟಪ್ರಭಾ_ದಂಡಿ (ಬಾಗಲಕೋಟೆ)

ಐದು ಮಂದೀನೂ ಕೂಡಿಸ್ಕೊಂಡ ಹೋಗ್ರಿ, ಒಬ್ಬರ ಹೋದ್ರ ಏನೂ ತಿಳಿಯಂಗಿಲ್ಲ. ಎಸಿ 2ರ ಮ್ಯಾಲೆ ಇಟ್ಟು ಮೂರನೇ ಗೇರಿನಾಗ 30ರಿಂದ ಎತ್ತಿ ನೋಡ್ರಿ. 16 ಸೆಂ.ಮೀ ದಿಂಡು ತುಂಬಿದ ಗಾಡೀಲೆ ದಾಟಿಸ್ರಿ, ಹೊರಗ ಒಬ್ಬರು ಕೂತು ಅಡಿ ನೋಡ್ಲಿ. ಸ್ಟೆಪ್ನಿ ತಗದು ಅಳತಿ ಓದ್ರಿ; ಉಳಿದ ನಾಕಕ್ಕಿಂತ ಸಣ್ಣದಿದ್ರ 80 ದಾಟಿಸಂಗಿಲ್ಲ, ಹುಬ್ಬಳ್ಳಿ ದಾರಿಯೊಳಗ ಪಂಕ್ಚರ್ ಆದ್ರ ಅದ ಲೆಕ್ಕ. ಆಮ್ಯಾಲೆ ಸರ್ವಿಸ್ ಸೆಂಟರಿಗೆ ಹೋಗಿ ಮುಂದಿನ ಬಂಪರ್, ಹೆಡ್‌ಲೈಟ್, ಏರ್ ಫಿಲ್ಟರ್ ಮೂರರ ರೇಟು ಕೇಳ್ರಿ, ಸ್ಟಾಕ್ ಐತೇನು ಕೇಳ್ರಿ. ನಮ್ಮ ಧೂಳಿಗೆ ಫಿಲ್ಟರು ಪುಸ್ತಕದಾಗ ಬರದ ಅರ್ಧ ಕಿಲೋಮೀಟರಿಗೆ ಬದಲಿ ಮಾಡಬೇಕಾಕ್ಕೈತಿ.

ಕೊಟೇಶನ್_ಕಾಕಾ (ವಿಜಯಪುರ)

ಕೊಟೇಶನ್‌ನಲ್ಲಿ «ಹ್ಯಾಂಡ್ಲಿಂಗ್ ಚಾರ್ಜ್», «ಎಸೆನ್ಶಿಯಲ್ ಕಿಟ್» ಅಂತ ಸಾಲು ಇದ್ದರೆ ಅಡ್ಡಗೆರೆ ಎಳೆದು ವಾಪಸ್ ಕೊಡಿ. ವಿಮೆ ಅವರಲ್ಲೇ ಮಾಡಿಸಬೇಕು ಅಂತ ಕಡ್ಡಾಯ ಇಲ್ಲ. ಹೊರಗಿನ ಎರಡು ರೇಟು ಕೈಯಲ್ಲಿ ಹಿಡಿದು ಹೋಗಿ. ವಿಮೆಗೆ ಝೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಜೊತೆ ಎಂಜಿನ್ ಪ್ರೊಟೆಕ್ಟ್ (ಎಂಜಿನ್ ಹಾನಿಗೂ ರಕ್ಷಣೆ) ಸೇರಿಸಿ, ಆ ಮೂರು ದಿಂಡು ಇರೋವರೆಗೆ ಬೇಕಾಗುತ್ತದೆ.