ಹಿಂದಿನ ಲೈಟಿಗೆ ಎಲ್‌ಇಡಿ ಬಲ್ಬ್ ಮನೆಯಲ್ಲೇ ಹಾಕಬಹುದಾ? (2013 ವ್ಯಾಗನ್ ಆರ್)

ಗೂಡಿನ ಮನೆ, ಚಿಂತಾಮಣಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ಬೇಸಾಯ. ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟ ಮಾರುಕಟ್ಟೆಗೆ ನಮ್ಮ ಕಾರಿನಲ್ಲೇ ತೆಗೆದುಕೊಂಡು ಹೋಗುತ್ತೇವೆ. ಹಿಂದಿನ ಸೀಟು ಮಡಚಿದರೆ ಚೀಲಗಳು ಆರಾಮಾಗಿ ಕೂರುತ್ತವೆ. ಹರಾಜಿಗೆ ಮುಂಚೆ ತಲುಪಬೇಕಲ್ಲ, ಅದಕ್ಕೆ ಕತ್ತಲಲ್ಲೇ ಹೊರಡುತ್ತೇವೆ. ಚಳಿಗಾಲದಲ್ಲಿ ನಮ್ಮ ಕಡೆ ಮಂಜು ಬೇರೆ.

ಹಿಂದೆ ಬೈಕಿನಲ್ಲಿ ಬರುವ ನನ್ನ ತಮ್ಮ ಒಂದೇ ಮಾತು ಹೇಳುತ್ತಾನೆ: "ಅಣ್ಣಾ, ನೀನು ಬ್ರೇಕ್ ಹಾಕಿದ್ದು ನನಗೆ ಗೊತ್ತೇ ಆಗಲ್ಲ. ಕಾರು ಹತ್ತಿರ ಬಂದ ಮೇಲೆ ಗೊತ್ತಾಗುತ್ತೆ." ಪಾರ್ಕ್ ಲೈಟ್ ಉರಿಯುವಾಗ ಬ್ರೇಕ್ ಒತ್ತಿದರೆ ಬೆಳಕು ಏರಿದ್ದೇ ಕಾಣುವುದಿಲ್ಲವಂತೆ. ಅದರಲ್ಲೂ ಎಡಗಡೆಯದು ಬಲಗಡೆಗಿಂತ ಮಂಕು. ಅವನು ಬೈಕಿನವನು, ಗುದ್ದಿದರೆ ಪೆಟ್ಟು ಅವನಿಗೇ. ಇದನ್ನು ಇನ್ನು ಮುಂದೂಡಲು ನನಗೆ ಮನಸ್ಸಿಲ್ಲ.

ಲೈಟ್ ಬಿಚ್ಚಿ ನೋಡಿದೆ. ಬಲ್ಬಿನ ಹಿತ್ತಾಳೆ ತಳದ ಮೇಲೆ 12ವಿ 21/5ಡಬ್ಲ್ಯೂ ಎಂದಿದೆ. ಆನ್‌ಲೈನಿನಲ್ಲಿ ಹುಡುಕಿದರೆ ಇದಕ್ಕೆ ಸರಿಹೊಂದುವ ಎಲ್‌ಇಡಿ ರಾಶಿ ಬಿದ್ದಿವೆ. ಕೆಂಪು, ಬಿಳಿ, ಎರಡೂ ಇವೆ. ಕೆಲವದರ ಮೇಲೆ ಕ್ಯಾನ್‌ಬಸ್ ಅಂತ ಬೇರೆ ಬರೆದಿದ್ದಾರೆ. ಊರಿನ ಒಂದು ಅಂಗಡಿಯಲ್ಲಿ ಕೇಳಿದರೆ "ಬಿಳಿದೇ ತಗೊಳ್ಳಿ, ಅದಕ್ಕೇ ಪವರ್ ಜಾಸ್ತಿ" ಅಂದರು. ಯಾವುದು ತಗೊಳ್ಳಲಿ? ಇಂಡಿಕೇಟರಿಗೂ ಎಲ್‌ಇಡಿ ಹಾಕಬಹುದಾ? ವೈರ್ ಕತ್ತರಿಸಬೇಕಾಗುತ್ತದಾ? ಮನೆಯಲ್ಲಿ ಸ್ಕ್ರೂಡ್ರೈವರ್, ಮಲ್ಟಿಮೀಟರ್ ಎರಡೂ ಇವೆ. ಬಳಸಲು ಬರುತ್ತದೆ.

ಕೋಲಾರ ವೈರಿಂಗ್

ಅಣ್ಣಾ, ನಾನು ಕೋಲಾರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಟೊಮೆಟೊ ಸೀಸನ್ ಬಂದರೆ ಎಪಿಎಂಸಿಗೆ ರಾತ್ರಿಯೆಲ್ಲ ಗಾಡಿಗಳು ಬರುತ್ತವೆ, ನನ್ನ ಹತ್ತಿರ ಹಿಂದಿನ ಲೈಟಿನ ಕೆಲಸವೇ ಜಾಸ್ತಿ. ಮುಂದಿನ ಲೈಟ್ ಹೋದರೆ ಡ್ರೈವರ್ ಅವತ್ತೇ ಓಡಿ ಬರುತ್ತಾನೆ. ಹಿಂದಿನದು ಹೋದರೆ ಅವನಿಗೆ ಕಾಣಿಸುವುದೇ ಇಲ್ಲ. ನಿಮ್ಮ ತಮ್ಮ ನೋಡಿ ಹೇಳಿದ್ದು ತುಂಬಾ ಒಳ್ಳೆಯದಾಯಿತು.

ಬಲ್ಬಿಗೆ ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ಎಡಗಡೆ ಮಾತ್ರ ಮಂಕು ಅಂದಿರಲ್ಲ, ಅಲ್ಲೇ ನನಗೆ ಅನುಮಾನ. ಎರಡೂ ಕಡೆ ಒಂದೇ ಬಲ್ಬ್, ಒಂದೇ ಬ್ಯಾಟರಿ. ಆದರೂ ಒಂದು ಕಡೆ ಮಾತ್ರ ಬೆಳಕು ಕಮ್ಮಿ ಅಂದರೆ ಮೊದಲು ನೋಡಬೇಕಾದ್ದು ಅರ್ಥ್, ಅಂದರೆ ಬಲ್ಬಿನಿಂದ ಕರೆಂಟ್ ಗಾಡಿಯ ಬಾಡಿಗೆ ವಾಪಸ್ ಹೋಗುವ ದಾರಿ. ಪಾರ್ಕ್ ಲೈಟ್ ಹಾಕಿ, ಆಮೇಲೆ ಎಡಗಡೆ ಇಂಡಿಕೇಟರ್ ಹಾಕಿ, ಹಿಂದೆ ಹೋಗಿ ನಿಂತು ನೋಡಿ. ಇಂಡಿಕೇಟರ್ ಹತ್ತಿ ಆರಿದ ಹಾಗೆ ಪಾರ್ಕ್ ಲೈಟೂ ಅದರ ಜೊತೆ ಏರಿಳಿದರೆ ಅರ್ಥ್ ಕೆಟ್ಟಿದೆ. ಕರೆಂಟಿಗೆ ವಾಪಸ್ ಹೋಗಲು ತನ್ನ ದಾರಿ ಸರಿಯಿಲ್ಲದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ, ಅದಕ್ಕೇ ಹಾಗೆ ಆಗುವುದು.

ಇನ್ನೂ ಖಾತ್ರಿ ಬೇಕಾದರೆ ಒಂದು ತುಂಡು ವೈರ್ ತಗೊಳ್ಳಿ. ಒಂದು ತುದಿಯನ್ನು ಹೋಲ್ಡರಿನ ಅರ್ಥ್‌ಗೆ ಮುಟ್ಟಿಸಿ, ಇನ್ನೊಂದನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟಿಗೆ ಮುಟ್ಟಿಸಿ. ತಕ್ಷಣ ಬೆಳಕು ಏರಿದರೆ ರೋಗ ಸಿಕ್ಕಿತು. ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ. ಹೋಲ್ಡರಿನ ಒಳಗೆ ಹಸಿರು ಕಿಲುಬು ಕಟ್ಟಿರುತ್ತದೆ, ಅದನ್ನೂ ಎಮರಿ ಪೇಪರಿನಲ್ಲಿ ತೆಗೆಯಿರಿ. ಈ ಕೆಲಸ ಚಿಕ್ಕದು ಅಂತ ಬಿಡಬೇಡಿ. ಫಿಲಮೆಂಟ್ ಬಲ್ಬಿಗೆ, ಅಂದರೆ ಒಳಗಿನ ತಂತಿ ಕಾದು ಉರಿಯುವ ಹಳೇ ಥರದ ಬಲ್ಬಿಗೆ, ಒಂದು ವೋಲ್ಟ್ ಕಮ್ಮಿ ಸಿಕ್ಕರೂ ಬೆಳಕಿನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೋಗುತ್ತದೆ. ಕೆಟ್ಟ ಅರ್ಥ್ ಮೇಲೆ ಎಲ್‌ಇಡಿ ಹಾಕಿದರೆ ಅದೂ ಮಿಣುಕುತ್ತದೆ, ಆಮೇಲೆ ಬಲ್ಬನ್ನು ಬೈಯುತ್ತೀರಿ.

ಈಗ ಎಲ್‌ಇಡಿ ವಿಷಯ. ಬಣ್ಣದಲ್ಲಿ ನನ್ನ ಮಾತು ಗಟ್ಟಿ: ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಬೇಕು. ಫಿಲಮೆಂಟ್ ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳವಾಗಿರುತ್ತದೆ. ಕೆಂಪು ಗಾಜು ಮಿಕ್ಕ ಬಣ್ಣ ತಡೆದರೂ ಬೇಕಾದಷ್ಟು ಆಚೆ ಬರುತ್ತದೆ. ಬಿಳಿ ಎಲ್‌ಇಡಿ ಹಾಗಲ್ಲ. ಅದರ ಒಳಗಿರುವುದು ನೀಲಿ ಚಿಪ್, ಮೇಲೆ ಹಳದಿ ಲೇಪ. ಕೆಂಪು ಅದರಲ್ಲಿ ಕಮ್ಮಿ. ಕೈಯಲ್ಲಿ ಹಿಡಿದರೆ ಕಣ್ಣು ಕುಕ್ಕುವ ಬಲ್ಬು ಕೆಂಪು ಗಾಜಿನ ಹಿಂದೆ ಹೋದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಮಂಕೂ ಆಗುತ್ತದೆ. ಪವರ್ ಜಾಸ್ತಿ ಅನ್ನುವ ಅಂಗಡಿ ಮಾತು ಇಲ್ಲಿ ನಡೆಯುವುದಿಲ್ಲ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ನಿಮ್ಮ ಬಲ್ಬಿನ ಒಳಗೆ ಎರಡು ಫಿಲಮೆಂಟ್ ಇವೆ. 5 ವ್ಯಾಟಿನದು ಪಾರ್ಕಿಗೆ, 21 ವ್ಯಾಟಿನದು ಬ್ರೇಕಿಗೆ. ನಾಲ್ಕು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಹಿಂದೆ ಬರುವವನಿಗೆ ಸುದ್ದಿ ಮುಟ್ಟುವುದೇ ಆ ವ್ಯತ್ಯಾಸದಿಂದ. ಅಗ್ಗದ ಎಲ್‌ಇಡಿಗಳಲ್ಲಿ ಪಾರ್ಕ್ ಬೆಳಕನ್ನೇ ಜೋರಾಗಿ ಇಟ್ಟಿರುತ್ತಾರೆ, ನೋಡಿದವರಿಗೆ ಝಗಮಗ ಕಾಣಲಿ ಅಂತ. ಆಮೇಲೆ ಬ್ರೇಕ್ ಒತ್ತಿದರೆ ಏರುವುದಕ್ಕೆ ಜಾಗವೇ ಉಳಿದಿರುವುದಿಲ್ಲ. ನಿಮ್ಮ ತಮ್ಮ ಈಗ ಹೇಳುತ್ತಿರುವ ಕಷ್ಟವೇ ಹೊಸ ಬಲ್ಬಿನಲ್ಲೂ ಇರುತ್ತದೆ, ಜೊತೆಗೆ ಅವನ ಕಣ್ಣಿಗೆ ಹೊಡೆತ. ಆದ್ದರಿಂದ ಎಷ್ಟು ಬೆಳಕು ಅಂತ ನೋಡಿ ತಗೊಳ್ಳಬೇಡಿ. ಪಾರ್ಕಿಗೂ ಬ್ರೇಕಿಗೂ ಎಷ್ಟು ಅಂತರ ಅಂತ ನೋಡಿ.

ಬಲ್ಬಿನ ಆಕಾರವೂ ನೋಡಬೇಕು. ಲೈಟಿನ ಒಳಗಿನ ಬೆಳ್ಳಿ ಬಟ್ಟಲನ್ನು ಫಿಲಮೆಂಟಿಗೆ ಲೆಕ್ಕ ಹಾಕಿ ಮಾಡಿದ್ದಾರೆ. ಬೆಳಕು ಸುತ್ತಲೂ ಚೆಲ್ಲಿ ಬಟ್ಟಲಿಗೆ ಬಡಿದು ಹೊರಗೆ ಬರಬೇಕು. ತುದಿಯಲ್ಲಿ ಮಾತ್ರ ಚಿಪ್ ಇರುವ ಎಲ್‌ಇಡಿ ಹಾಕಿದರೆ ನಡುವೆ ಒಂದು ಚುಕ್ಕಿ ಮಾತ್ರ ಉರಿಯುತ್ತದೆ, ಸುತ್ತ ಕಪ್ಪು. ಮೈ ಸುತ್ತ ಚಿಪ್ ಇರುವುದನ್ನೇ ಆರಿಸಿ. ಪ್ಯಾಕೆಟ್ ಮೇಲೆ 1157 ಅಥವಾ ಬಿಎವೈ15ಡಿ ಎಂದಿರಬೇಕು. ಪಕ್ಕದ ಎರಡು ಪಿನ್ನುಗಳು ಒಂದು ಮೇಲೆ ಒಂದು ಕೆಳಗೆ ಇರುತ್ತವೆ, ಹಾಗಾಗಿ ತಿರುಗಾಮುರುಗಾ ಹಾಕಲು ಆಗುವುದಿಲ್ಲ. ಬಲವಂತವಾಗಿ ತಿರುಗಿಸಬೇಡಿ. ವೈರ್ ಕತ್ತರಿಸುವ ಮಾತೇ ಇಲ್ಲ, ಬಲ್ಬ್ ತೆಗೆದು ಬಲ್ಬ್ ಹಾಕುವುದು ಅಷ್ಟೆ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬಹುದು.

ಸರಿಯಾದದ್ದು ಸಿಕ್ಕರೆ ಲಾಭ ಖಂಡಿತ ಇದೆ. ಫಿಲಮೆಂಟ್ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಎಲ್‌ಇಡಿ ಒತ್ತಿದ ಕೂಡಲೇ ಹತ್ತುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಗಾಡಿ ನಾಲ್ಕು ಮೀಟರಿಗಿಂತ ಮುಂದೆ ಹೋಗಿರುತ್ತದೆ. ಹಿಂದಿನವನಿಗೆ ಆ ನಾಲ್ಕು ಮೀಟರ್ ಸಿಗುತ್ತದೆ ನೋಡಿ, ನಾನು ಎಲ್‌ಇಡಿ ಹಾಕಿಸಿ ಅನ್ನುವುದು ಅದಕ್ಕೇ. ಚಂದಕ್ಕಲ್ಲ.

ಮಾಲೂರು ರಸ್ತೆ

ಮೇಲಿನವರು ಬ್ರೇಕ್ ಲೈಟಿನ ಬಗ್ಗೆ ಎಲ್ಲ ಹೇಳಿದ್ದಾರೆ. ಇಂಡಿಕೇಟರ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಗಾಡಿಯಲ್ಲಿ ಹಾಕಿಕೊಂಡಿದ್ದೇನೆ.

ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಅದರಲ್ಲಿ ಸ್ವಲ್ಪವೇ ಎಳೆಯುವುದು. ಗಾಡಿಗೆ ಬಲ್ಬ್ ಸುಟ್ಟಿದೆ ಅನ್ನಿಸಿ ಇಂಡಿಕೇಟರ್ ಪಟಪಟ ಅಂತ ಜೋರಾಗಿ ಮಿಟುಕಲು ಶುರು ಮಾಡುತ್ತದೆ. ಅದು ಕೆಟ್ಟುಹೋಗಿದ್ದಲ್ಲ, ಬಲ್ಬ್ ಹೋದರೆ ನಿಮಗೆ ಗೊತ್ತಾಗಲಿ ಅಂತ ಕಂಪನಿಯವರೇ ಮಾಡಿರುವುದು.

ಇದಕ್ಕೆ ದಾರಿ ಎರಡು. ಫ್ಲಾಷರ್ ರಿಲೇ (ಇಂಡಿಕೇಟರನ್ನು ಮಿಟುಕಿಸುವ ಚಿಕ್ಕ ಡಬ್ಬಿ) ಬೇರೆಯಾಗಿ ಸಿಗುವ ಗಾಡಿಯಾದರೆ ಎಲ್‌ಇಡಿಗೆ ಹೊಂದುವ ರಿಲೇ ಹಾಕುವುದು, ಅದು ಅಚ್ಚುಕಟ್ಟು. ಇಲ್ಲದಿದ್ದರೆ ಗಾಡಿಗೆ ಹಳೇ ಬಲ್ಬೇ ಇದೆ ಅನ್ನಿಸುವಷ್ಟು ಕರೆಂಟ್ ಎಳೆಯಲಿ ಅಂತ ಬಲ್ಬಿಗೆ ಅಡ್ಡಲಾಗಿ 6 ಓಮ್, 50 ವ್ಯಾಟಿನ ರೆಸಿಸ್ಟರ್ ಕೊಡುವುದು. ನಿಮಗೆ ಈ ಎರಡನೆಯದು ಬೇಡವೇ ಬೇಡ ಅನ್ನುತ್ತೇನೆ. ಇಂಡಿಕೇಟರ್ ಉರಿಯುವಾಗ ಆ ರೆಸಿಸ್ಟರ್ ಸುಮಾರು 30 ವ್ಯಾಟಿನ ಶಾಖ ಬಿಡುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಬಾಡಿಯ ಕಬ್ಬಿಣಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ ಮಾತ್ರ ಅದು 50 ವ್ಯಾಟ್ ತಡೆಯುವುದು. ಪ್ಲಾಸ್ಟಿಕ್ಕಿಗೆ ಟೇಪ್ ಸುತ್ತಿ ಅಂಟಿಸಿದರೆ ಪ್ಲಾಸ್ಟಿಕ್ ಕರಗುತ್ತದೆ. ನೀವು ಡಿಕ್ಕಿ ತುಂಬ ಗೂಡಿನ ಚೀಲ ಒತ್ತಿ ತುಂಬುತ್ತೀರಿ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ರಸ್ತೆ ಪಕ್ಕ ನಿಂತಿರಿ ಅಂತ ಇಟ್ಟುಕೊಳ್ಳಿ, ರೆಸಿಸ್ಟರ್ ಕಾಯುತ್ತಲೇ ಇರುತ್ತದೆ, ಚೀಲ ಅದಕ್ಕೆ ಒರಗಿರುತ್ತದೆ. ಒಂದು ಬೆಳೆಯ ದುಡಿಮೆ ಅಲ್ಲಿರುತ್ತದೆ ಅಲ್ವಾ?

ಇಂಡಿಕೇಟರಿಗೆ ಕಂಪನಿ ಬಲ್ಬೇ ಸಾಕು. ಅದು ಹತ್ತಿ ಆರುವುದರಿಂದಲೇ ಕಣ್ಣಿಗೆ ಬೀಳುತ್ತದೆ. ಗಾಜು ಕೇಸರಿ ಬಣ್ಣದ್ದಾದರೆ ಬಿಳಿ ಬಲ್ಬ್, ಗಾಜು ಬಿಳಿಯಾದರೆ ಕೇಸರಿ ಬಲ್ಬ್, ಅಷ್ಟು ನೋಡಿಕೊಳ್ಳಿ.

ಬಾಗೇಪಲ್ಲಿ ಓದುಗ

ಒಂದು ಮಾತು ಸೇರಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮಾರ್ಪಾಡು ಮಾಡುವ ಹಾಗಿಲ್ಲ. ಹಿಂದೆ ಕೆಂಪು ಬಿಟ್ಟು ನೀಲಿ, ನೇರಳೆ, ಮಿಣಮಿಣ ಮಿನುಗುವ ಬ್ರೇಕ್ ಲೈಟ್, ಇವನ್ನೆಲ್ಲ ಹಾಕಿದರೆ ಹಿಡಿಯುತ್ತಾರೆ, ಹಿಡಿಯಲೂ ಬೇಕು. ಹಳೇ ಬಲ್ಬನ್ನು ಎಸೆಯಬೇಡಿ. ಎಫ್‌ಸಿ ಮಾಡಿಸುವಾಗ ತಕರಾರು ಬಂದರೆ ಅಲ್ಲೇ ಬದಲಾಯಿಸಿಕೊಳ್ಳಬಹುದು. 2013ರ ಗಾಡಿ ಅಂದಿರಿ, ಸ್ವಂತದ ಕಾರಿಗೆ ಹದಿನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. 2028 ಬಹಳ ದೂರ ಇಲ್ಲ.

ಗೂಡಿನ ಮನೆ, ಚಿಂತಾಮಣಿ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಕೋಲಾರದ ಅಣ್ಣ ಹೇಳಿದ ಹಾಗೇ ಆಯಿತು. ಎಡಗಡೆ ಇಂಡಿಕೇಟರ್ ಜೊತೆ ಪಾರ್ಕ್ ಲೈಟೂ ಕುಣಿಯುತ್ತಿತ್ತು. ಅರ್ಥ್ ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ತುಕ್ಕು. ಉಜ್ಜಿ ಕೂರಿಸಿದೆ, ಹೋಲ್ಡರಿನ ಕಿಲುಬೂ ತೆಗೆದೆ. ಈಗ ಎರಡೂ ಕಡೆ ಒಂದೇ ಸಮ ಇದೆ, ಬ್ರೇಕ್ ಒತ್ತಿದರೆ ಏರುವುದು ತಮ್ಮನಿಗೆ ಕಾಣುತ್ತದೆ. ಅಪ್ಪ ಅಂತೂ "ಇನ್ನೇನು, ಬಿಡು, ದುಡ್ಡು ಯಾಕೆ ದಂಡ" ಅನ್ನುತ್ತಿದ್ದಾರೆ. ಆದರೂ ಆ ನಾಲ್ಕು ಮೀಟರ್ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಬ್ರೇಕ್ ಲೈಟಿಗೆ ಮಾತ್ರ ಕೆಂಪು ಎಲ್‌ಇಡಿ ಹಾಕುತ್ತೇನೆ, ಇಂಡಿಕೇಟರ್ ಮುಟ್ಟುವುದಿಲ್ಲ.

ಎರಡು ಪ್ರಶ್ನೆ ಉಳಿದವು. ಹಾಕಿದ ಮೇಲೆ ಬಲ್ಬ್ ಚೆನ್ನಾಗಿದೆಯೋ ಇಲ್ಲವೋ ಮನೆಯಲ್ಲಿ ಹೇಗೆ ಪರೀಕ್ಷೆ ಮಾಡುವುದು? ನಂಬರ್ ಪ್ಲೇಟಿನ ಚಿಕ್ಕ ಬಲ್ಬಿಗೂ ಎಲ್‌ಇಡಿ ತಂದರೆ ಆಗುತ್ತದಾ?

ಕೋಲಾರ ವೈರಿಂಗ್

ಅಪ್ಪನ ಮಾತೂ ಸುಳ್ಳಲ್ಲ ಅಣ್ಣಾ, ಅರ್ಥ್ ಸರಿಯಾದ ಮೇಲೆ ಅರ್ಧ ಕಷ್ಟ ಮುಗಿಯಿತು. ಆದರೂ ಹಾಕಿ, ಒಳ್ಳೆಯದೇ.

ಮೊದಲು ಒಂದು ಕಡೆ ಮಾತ್ರ ಎಲ್‌ಇಡಿ ಹಾಕಿ, ಇನ್ನೊಂದು ಕಡೆ ಹಳೇ ಬಲ್ಬ್ ಹಾಗೇ ಇರಲಿ. ತಮ್ಮನನ್ನು ಹಿಂದೆ ದೂರದಲ್ಲಿ, ಅವನು ಬೈಕಿನಲ್ಲಿ ಬರುವಷ್ಟು ಅಂತರದಲ್ಲಿ ನಿಲ್ಲಿಸಿ. ಪಾರ್ಕ್ ಹಾಕಿಕೊಂಡು ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ. ಎಲ್‌ಇಡಿ ಕಡೆ ಏರಿಳಿತ ಹಳೇ ಬಲ್ಬಿನಷ್ಟಾದರೂ ಎದ್ದು ಕಾಣಬೇಕು. ಕಾಣದಿದ್ದರೆ ವಾಪಸ್ ಕೊಟ್ಟುಬಿಡಿ, ಮನಸ್ಸು ಗಟ್ಟಿ ಮಾಡಿ. ಇದನ್ನು ಕತ್ತಲಲ್ಲಿ ಒಂದು ಸಲ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಸಲ ಮಾಡಿ. ರಾತ್ರಿ ಚೆನ್ನಾಗಿ ಕಾಣುವ ಎಷ್ಟೋ ಬಲ್ಬುಗಳು ಬಿಸಿಲಿಗೆ ಸತ್ತುಹೋಗುತ್ತವೆ. ಅಡ್ಡಕ್ಕೆ ನಿಂತೂ ನೋಡಲು ಹೇಳಿ, ಹಿಂದಿನವರು ಯಾವಾಗಲೂ ನೇರವಾಗಿ ಬರುವುದಿಲ್ಲ.

ಆಮೇಲೆ ಪಾರ್ಕ್ ಆರಿಸಿ ಬರೀ ಬ್ರೇಕ್ ಒತ್ತಿ. ಡ್ಯಾಶ್‌ಬೋರ್ಡ್ ಲೈಟಾಗಲಿ ನಂಬರ್ ಪ್ಲೇಟ್ ಲೈಟಾಗಲಿ ಮಿಣುಕಿದರೆ ಆ ಬಲ್ಬ್ ಒಳಗೆ ಬ್ರೇಕಿನ ಕರೆಂಟನ್ನು ಪಾರ್ಕಿನ ಕಡೆಗೆ ಬಿಡುತ್ತಿದೆ. ಅಂಥದ್ದು ಬೇಡ. ಎಂಜಿನ್ ಆನ್ ಇಟ್ಟು ಹತ್ತು ನಿಮಿಷ ಬ್ರೇಕ್ ಒತ್ತಿಯೇ ಇರಿ, ಇಲ್ಲದಿದ್ದರೆ ಪೆಡಲ್ ಮೇಲೆ ಏನಾದರೂ ಭಾರ ಇಡಿ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ಇರುತ್ತದೆ, ಲಡ್ಡು ಬಲ್ಬಾದರೆ ಕಾದು ಬೆಳಕು ಇಳಿಯುವುದು ಅಷ್ಟರಲ್ಲೇ ಕಾಣುತ್ತದೆ.

ಕ್ಯಾನ್‌ಬಸ್ ಎಂದು ಬರೆದದ್ದು ನಿಮಗೆ ಬೇಕಾಗಿಲ್ಲ. ಬಲ್ಬ್ ಹೋದರೆ ಮೀಟರಿನಲ್ಲಿ ಎಚ್ಚರಿಕೆ ತೋರಿಸುವ ಗಾಡಿಗಳಿಗೆ ಅದು. ಒಳಗೆ ರೆಸಿಸ್ಟರ್ ಇಟ್ಟಿರುತ್ತಾರೆ, ಸುಮ್ನೆ ಕಾಯುತ್ತದೆ.

ನಂಬರ್ ಪ್ಲೇಟಿನದು ಸಾಮಾನ್ಯವಾಗಿ 5 ವ್ಯಾಟಿನ ಚಿಕ್ಕ ಗಾಜಿನ ಬಲ್ಬ್, ಟಿ10 ಅಂತ ಕೇಳಿ. ಹಿಂದೆ ಬಿಳಿ ಎಲ್‌ಇಡಿ ಸರಿಹೋಗುವ ಜಾಗ ಅದೊಂದು, ಇನ್ನೊಂದು ರಿವರ್ಸ್ ಲೈಟ್. ಟಿ10 ಬಲ್ಬನ್ನು ಎರಡು ಕಡೆಯಿಂದಲೂ ಚುಚ್ಚಬಹುದು, ಎಲ್‌ಇಡಿ ಮಾತ್ರ ಒಂದೇ ಕಡೆಯಿಂದ ಹತ್ತುತ್ತದೆ. ಹಾಕಿದ ಕೂಡಲೇ ಹತ್ತದಿದ್ದರೆ ಗಾಬರಿಯಾಗಬೇಡಿ, ತೆಗೆದು ತಿರುಗಿಸಿ ಹಾಕಿ. ಕಣ್ಣು ಕುಕ್ಕುವಂಥದ್ದು ತರಬೇಡಿ, ನಂಬರ್ ಓದಲು ಆದರೆ ಸಾಕು.

ಲೈಟ್ ವಾಪಸ್ ಕೂರಿಸುವಾಗ ಹಿಂದಿನ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯಾ ನೋಡಿ. ಒಡೆದಿದ್ದರೆ ಹೊಸದು ಹಾಕಿ. ನಿಮ್ಮ ಹೋಲ್ಡರಿಗೆ ಕಿಲುಬು ಹಿಡಿದದ್ದು ಒಳಗೆ ನೀರು ಇಳಿದೇ ಇರಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ ಬಕೆಟ್ಟಿನಲ್ಲಿ ನೀರು ಸುರಿದು ಒಳಗೆ ತೇವ ಬರುತ್ತದಾ ನೋಡಿಕೊಳ್ಳಿ.