ಕಬ್ಬನ್ ಪಾರ್ಕಿನಲ್ಲಿ ವಾಚಿನ ಜಿಪಿಎಸ್ ದಾರಿ ತಪ್ಪುತ್ತಿದೆ, ನಿಮ್ಮ ಅನುಭವ ಹೇಳಿ

ಮೊದಲ ಹಾಫ್
ಎಲ್ಲರಿಗೂ ನಮಸ್ಕಾರ. ಇನ್ನು ಆರು ವಾರಕ್ಕೆ ನನ್ನ ಮೊದಲ ಹಾಫ್ ಮ್ಯಾರಥಾನ್. ವಾಚ್ ಎರಡು ವರ್ಷ ಹಳೆಯದು, ಸಿಂಗಲ್ ಬ್ಯಾಂಡ್, ಅಂದರೆ ಉಪಗ್ರಹದ ಒಂದೇ ಆವರ್ತನದ ಸಿಗ್ನಲ್ ಹಿಡಿಯುವುದು. ಕಬ್ಬನ್ ಪಾರ್ಕಿನಲ್ಲಿ ದಿನಾ ಓಡುವುದು ಒಂದೇ ದಾರಿ. ಆದರೆ ಒಂದು ದಿನ 4.6 ಕಿ.ಮೀ. ತೋರಿಸುತ್ತದೆ, ಮರುದಿನ 5.2. ಮ್ಯಾಪ್ ನೋಡಿದರೆ ಹೈಕೋರ್ಟ್ ಕಟ್ಟಡದ ಒಳಗಿಂದಲೇ ಓಡಿದ ಹಾಗಿದೆ. ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ನಿಮಿಷ) 5:20 ಇದ್ದದ್ದು ಒಮ್ಮೆಲೇ 7:40 ಆಗುತ್ತದೆ. ಇದನ್ನೇ ಸರಿ ಮಾಡಬಹುದಾ, ಹೊಸದು ತಗೊಳ್ಳಬೇಕಾ? 15 ಸಾವಿರದ ಮೇಲೆ ಆಗುವುದಿಲ್ಲ.

ಸ್ಯಾಂಕಿ ಕೆರೆ ದಂಡೆ
ನನ್ನ ಕಥೆ ಪೂರ್ತಿ ಹೇಳುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಕಳೆದ ವರ್ಷ ನನ್ನ ವಾಚ್ ಕೂಡ ಹೀಗೇ ಆಡಿತು. ಸರ್ವಿಸ್ ಸೆಂಟರ್‌ಗೆ ಮೂರು ಸಲ ಹೋದೆ. ಮೂರು ಸಲವೂ ಅರ್ಧ ದಿನ ರಜೆ. ಆಟೋಗೇ 1,140 ರೂಪಾಯಿ. "ನಮ್ಮಲ್ಲಿ ಚೆಕ್ ಮಾಡಿದಾಗ ಸರಿ ಇದೆ" ಅಂತ ವಾಪಸ್ ಕೊಟ್ಟರು. ಕೊನೆಗೆ 34,990 ಕೊಟ್ಟು ಹೊಸದು ತಗೊಂಡೆ, 9 ತಿಂಗಳ ಕಂತು. ಹಳೆಯದನ್ನು ಭಾವಮೈದುನನಿಗೆ ಕೊಟ್ಟೆ. ಅವನು ತನ್ನ ಫೋನಿಗೆ ಜೋಡಿಸಿದ, ಸಿಂಕ್ ಆಯಿತು. ಮರುದಿನದಿಂದ ಮ್ಯಾಪಿನ ಗೆರೆ ರಸ್ತೆ ಬಿಟ್ಟು ಆಚೆ ಈಚೆ ಹೋಗಿಲ್ಲ!

ಆಗಿದ್ದು ಇಷ್ಟೇ. ಫೋನ್ ಬ್ಯಾಟರಿ ಉಳಿಸಲು ನಾನು ಎರಡು ತಿಂಗಳಿಂದ ಬ್ಲೂಟೂತ್ ಆಫ್ ಇಟ್ಟಿದ್ದೆ. ಮುಂದಿನ ಕೆಲವು ದಿನ ಯಾವ ಉಪಗ್ರಹ ಎಲ್ಲಿರುತ್ತದೆ ಅನ್ನುವ ಫೈಲ್ ಫೋನಿನಿಂದಲೇ ವಾಚಿಗೆ ಬರುವುದು. ಅದು ಹಳೆಯದಾದರೆ ವಾಚ್ ಆ ಮಾಹಿತಿಯನ್ನು ನೇರ ಆಕಾಶದಿಂದ ಇಳಿಸಿಕೊಳ್ಳಬೇಕು. ಅದಕ್ಕೆ ಸಿಗ್ನಲ್ ಕಡಿಯದೆ ಅರ್ಧ ನಿಮಿಷ ಸಿಗಬೇಕು. ಮರದ ಕೆಳಗೆ ಓಡುತ್ತಾ ಅದು ಎಲ್ಲಿ ಸಿಗುತ್ತದೆ? ನಾನಂತೂ ಜಿಪಿಎಸ್ ಸಿಕ್ಕಿತು ಅನ್ನುವ ಹಸಿರು ಬರುವ ಮುಂಚೆಯೇ ಸ್ಟಾರ್ಟ್ ಒತ್ತಿ ಓಡುತ್ತಿದ್ದೆ. ಒಂದು ಸಿಂಕ್‌ಗೆ ಬದಲಾಗಿ 34,990. ಕಂತು ಇನ್ನೂ ಎರಡು ಬಾಕಿ ಇದೆ.

ಎಲ್5 ಅಭಿಮಾನಿ
ಸಿಂಕ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅರ್ಧ ಮಾತು ಸರ್. ನಾನು ದಿನಾ ಸಿಂಕ್ ಮಾಡುತ್ತಿದ್ದೆ. ಆದರೂ ಯುಬಿ ಸಿಟಿ ಪಕ್ಕ ಓಡಿದರೆ ಗೆರೆ ರಸ್ತೆಯ ಆ ಕಡೆಗೆ ಹಾರುತ್ತಿತ್ತು. ಸಿಗ್ನಲ್ ಗಾಜಿನ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಬೆಳಕಿನ ವೇಗದಲ್ಲಿ ಬರುವ ಸಿಗ್ನಲ್ ಒಂದು ಮೈಕ್ರೋಸೆಕೆಂಡ್ ತಡವಾದರೆ ಆ ಉಪಗ್ರಹ 300 ಮೀಟರ್ ದೂರ ಹೋದ ಹಾಗೆ ಲೆಕ್ಕ. ಉಪಗ್ರಹಗಳು ಎಲ್1, ಎಲ್5 ಅಂತ ಬೇರೆ ಬೇರೆ ಆವರ್ತನದಲ್ಲಿ ಸಿಗ್ನಲ್ ಕಳಿಸುತ್ತವೆ. ಹಳೆಯ ಎಲ್1 ಸಿಗ್ನಲ್‌ನ ಒಂದು ತುಣುಕು ಸುಮಾರು 293 ಮೀಟರ್ ಉದ್ದ, ಎಲ್5ರದ್ದು ಬರೀ 29. ಹಾಗಾಗಿ ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ಎಲ್5 ಚೆನ್ನಾಗಿ ಬೇರೆ ಮಾಡುತ್ತದೆ. ನಮ್ಮ ದೇಶದ್ದೇ ಆದ, ದಾರಿ ತೋರುವ ನಾವಿಕ್ ಉಪಗ್ರಹಗಳೂ ಮೊದಲಿನಿಂದ ಎಲ್5ನಲ್ಲಿ ಸಿಗ್ನಲ್ ಕಳಿಸುತ್ತವೆ.

ಸೈಕಲ್ ಮಾರಿ 41,500ಕ್ಕೆ ಎರಡೂ ಸಿಗ್ನಲ್ ಹಿಡಿಯುವ ಡ್ಯುಯಲ್ ಬ್ಯಾಂಡ್ ವಾಚ್ ತಗೊಂಡೆ. ಬೇಸರವಿಲ್ಲ. ಹಳೆಯದರ ಹಣೆಬರಹ ಟ್ರ್ಯಾಕ್‌ನಲ್ಲೇ ಗೊತ್ತಾಗಿತ್ತು. 25 ಸುತ್ತು ಓಡಿದೆ. 10 ಕಿ.ಮೀ. ಬರಬೇಕು, 11.28 ತೋರಿಸಿತು! ಅವತ್ತೇ 6,000ಕ್ಕೆ ಮಾರಿಬಿಟ್ಟೆ.

ದೇವಿಮನೆ ಘಟ್ಟ
ನೀವೆಲ್ಲ ಗಾಜಿನ ಕಟ್ಟಡದ ಮಾತಾಡುತ್ತೀರಿ. ಶಿರಸಿ ಕಡೆ ಒಂದು ಮಳೆಗಾಲ ಓಡಿ ನೋಡಿ. ಎಲೆ ಒದ್ದೆಯಾದರೆ ಸಿಗ್ನಲ್ ಇನ್ನೂ ಸೊರಗುತ್ತದೆ. ನನ್ನ ತಮ್ಮನ ಡ್ಯುಯಲ್ ಬ್ಯಾಂಡ್ ಕೂಡ ನಮ್ಮ ಘಟ್ಟದ ತಿರುವುಗಳನ್ನು ಕತ್ತರಿಸಿ ನೇರ ಗೆರೆ ಎಳೆಯುತ್ತದೆ.

ನಾನು ಫುಟ್‌ಪಾಡ್‌ಗೆ ಹೋದೆ. ಶೂ ಲೇಸಿಗೆ ಸಿಕ್ಕಿಸಿದರೆ ಕಾಲಿನ ಚಲನೆಯಿಂದಲೇ ದೂರ, ಪೇಸ್ ಅಳೆಯುತ್ತದೆ, ಆಕಾಶದ ಹಂಗೇ ಇಲ್ಲ. ಮೊದಲನೆಯದು 18,500. ಮೂರನೇ ತಿಂಗಳು ಗದ್ದೆಯ ಅಂಚಿನಲ್ಲಿ ಕೆಸರಿಗೆ ಕಾಲು ಹೂತು ಹೋಯಿತು. ಶೂ ಬಂತು, ಪಾಡ್ ಬರಲಿಲ್ಲ. ಅಪ್ಪ, ಚಿಕ್ಕಪ್ಪ ಎಲ್ಲ ಸೇರಿ ಒಂದು ಸಂಜೆ ಪೂರ್ತಿ ಹುಡುಕಿದರು. ಎರಡನೆಯದು ಸೆಕೆಂಡ್ ಹ್ಯಾಂಡ್, 7,200. ಈಗ ಲೇಸಿನ ಜೊತೆಗೆ ಪ್ಲಾಸ್ಟಿಕ್ ಟ್ಯಾಗ್ ಕೂಡ ಬಿಗಿಯುತ್ತೇನೆ. ಶೂ ಬದಲಿಸಿದರೆ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು, ಅದೊಂದು ಕೆಲಸ. ಆದರೆ ಪೇಸ್ ಕುಣಿಯುವುದಿಲ್ಲ.

ಹಳೇ ಸ್ಟಾಪ್‌ವಾಚ್
ಎಲ್5 ಅಭಿಮಾನಿಯವರೇ, ಆ 25 ಸುತ್ತು ಯಾವ ಲೇನಿನಲ್ಲಿ ಓಡಿದಿರಿ?

ಎಲ್5 ಅಭಿಮಾನಿ
ಜಾಗಿಂಗ್ ಮಾಡುವವರನ್ನು ಎಲ್ಲಿ ಬಿಡುತ್ತಾರೋ ಅಲ್ಲಿ. ಹೊರಗಿನ ಲೇನ್, ಎಂಟನೆಯದು. ಯಾಕೆ?

ಹಳೇ ಸ್ಟಾಪ್‌ವಾಚ್
400 ಮೀಟರ್ ಇರುವುದು ಒಂದನೇ ಲೇನಿಗೆ ಮಾತ್ರ. ಎಂಟನೇ ಲೇನಿನ ಪೂರ್ತಿ ಸುತ್ತು ಸುಮಾರು 453 ಮೀಟರ್. 25 ಸುತ್ತಿಗೆ 11.32 ಕಿ.ಮೀ. ನಿಮ್ಮ ಹಳೆಯ ವಾಚ್ 11.28 ಅಂದಿತು. ಅಂದರೆ ಅರ್ಧ ಪರ್ಸೆಂಟ್ ಕೂಡ ತಪ್ಪಿಲ್ಲ. ಒಳ್ಳೆಯ ವಾಚ್ ಮಾರಿದಿರಿ.

ನಾನು ಮೂವತ್ತು ವರ್ಷದಿಂದ ಓಡುತ್ತಿದ್ದೇನೆ. 2000ದ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರ ಜಿಪಿಎಸ್ ಅನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು. ಆಗಲೂ ಓಡಿದೆವು. ಕಿಲೋಮೀಟರ್ ಕಲ್ಲು, ಸೈಕಲ್ ಚಕ್ರದ ಲೆಕ್ಕ, ಸ್ಟಾಪ್‌ವಾಚ್. ಅಳತೆ ಮಾಡದೆ ಸಾಮಾನನ್ನು ದೂರುವುದು ತಪ್ಪು.

ಎಲ್5 ಅಭಿಮಾನಿ
ಹಿರಿಯರು ಅಂತ ಸುಮ್ಮನಿದ್ದೇನೆ. ಟ್ರ್ಯಾಕ್ ಲೆಕ್ಕ ನೀವು ಹೇಳಿದ್ದೇ ಸರಿ ಇರಬಹುದು. ಯುಬಿ ಸಿಟಿ ಹತ್ತಿರ ಹಾರಿದ ಗೆರೆಗೆ ಯಾವ ಲೇನ್ ಕಾರಣ? ಹಿಂದಿನ ಕಾಲದಲ್ಲಿ ಇಲ್ಲದಿದ್ದದ್ದೆಲ್ಲ ದಂಡ ಅನ್ನಬೇಡಿ.

ಸಬ್ 50
ಅಳತೆ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹೋದ ಓಟದಲ್ಲಿ 10 ಕಿ.ಮೀ. ನನ್ನ ವಾಚಿನಲ್ಲಿ 49:31ಕ್ಕೆ ಮುಗಿದಿತ್ತು. ಫಿನಿಷ್ ಗೆರೆ ದಾಟಿದಾಗ ದೂರ 10.17, ಟೈಮ್ 50:22. ನನ್ನ ಜೊತೆ ಓಡಿದ ನಾಲ್ವರ ವಾಚಲ್ಲೂ 10.12ರ ಮೇಲೆ. ಕೋರ್ಸ್ ಅಳೆದವರ ತಪ್ಪಿಗೆ 50 ನಿಮಿಷದೊಳಗೆ ಮುಗಿಸಲು ಪಟ್ಟ ಎಂಟು ತಿಂಗಳ ಶ್ರಮ ನೀರಿಗೆ ಹೋಯಿತು.

ಹಳೇ ಸ್ಟಾಪ್‌ವಾಚ್
ಅಳೆದವರನ್ನು ಬೈಯಬೇಡಿ ತಮ್ಮಾ. ಸರ್ಟಿಫೈಡ್ ಕೋರ್ಸನ್ನು ಜಿಪಿಎಸ್‌ನಲ್ಲಿ ಅಳೆಯುವುದಿಲ್ಲ. ಸೈಕಲ್ ಮುಂದಿನ ಚಕ್ರಕ್ಕೆ ಚಕ್ರದ ಸುತ್ತು ಎಣಿಸುವ ಜೋನ್ಸ್ ಕೌಂಟರ್ ಕಟ್ಟಿ, ತಿರುವುಗಳಲ್ಲಿ ರಸ್ತೆಯಂಚಿನಿಂದ 30 ಸೆಂ.ಮೀ. ಬಿಟ್ಟು, ಅತಿ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ 1 ಮೀಟರ್ ಸೇರಿಸುತ್ತಾರೆ. ನೀವು ಜನರ ನಡುವೆ ಆ ಕಡೆ ಈ ಕಡೆ ನುಗ್ಗಿ, ನೀರಿನ ಟೇಬಲ್‌ಗೆ ಹೋಗಿ, ತಿರುವಿನ ಹೊರಗೆ ಓಡಿದರೆ ಜಾಸ್ತಿ ಆಗೇ ಆಗುತ್ತದೆ. ಅದರ ಮೇಲೆ ವಾಚಿನ ಅಂಕುಡೊಂಕು ಬೇರೆ.

ಸಬ್ 50
ನಾನು ನೀರಿಗೆ ನಿಲ್ಲಲೇ ಇಲ್ಲ. ನೀವು ಅಲ್ಲಿದ್ದಿರಾ? ಆ ಓಟ ಸರ್ಟಿಫೈಡ್ ಅಂತ ನಿಮಗೆ ಯಾರು ಹೇಳಿದರು?

ದೇವಿಮನೆ ಘಟ್ಟ
ಇಬ್ಬರೂ ಸಾಕು ಮಾಡಿ. ಕೇಳಿದವರು ಬೇರೆ, ಅವರ ಓಟಕ್ಕೆ ಆರು ವಾರ ಇದೆ.

ಮೊದಲ ಹಾಫ್
ಎಲ್ಲರಿಗೂ ಥ್ಯಾಂಕ್ಸ್. ಆ್ಯಪ್ ತೆರೆದು ನೋಡಿದೆ. ಕೊನೆಯ ಸಿಂಕ್ ಆಗಿ 47 ದಿನ! ಜಿಪಿಎಸ್ ಕೂಡ ಬ್ಯಾಟರಿ ಉಳಿಸುವ ಮೋಡ್‌ನಲ್ಲಿತ್ತು. ಎರಡನ್ನೂ ಸರಿ ಮಾಡಿದೆ. ಇವತ್ತು ಬಯಲಿನಲ್ಲಿ ಮೂರು ನಿಮಿಷ ನಿಂತು ಹೊರಟೆ. 4.94 ಬಂತು, ಹೈಕೋರ್ಟ್ ಒಳಗೆ ಹೋಗಲಿಲ್ಲ. ಬಿದಿರು ಮೆಳೆ ಹತ್ತಿರ ಪೇಸ್ ಇನ್ನೂ ಕುಣಿಯುತ್ತದೆ. ಅಲ್ಲಿ ಆ ಕ್ಷಣದ ಪೇಸ್ ಬಿಟ್ಟು ಲ್ಯಾಪ್ ಪೇಸ್ (ಆ ಸುತ್ತಿನ ಸರಾಸರಿ) ನೋಡಿಕೊಂಡೆ. ಹಳೇ ಸ್ಟಾಪ್‌ವಾಚ್ ಸರ್, ನನ್ನ ಸುತ್ತನ್ನು ನಿಮ್ಮ ಸೈಕಲ್ಲಿನಲ್ಲಿ ಅಳೆದುಕೊಡುತ್ತೀರಾ?

ಹಳೇ ಸ್ಟಾಪ್‌ವಾಚ್
ಭಾನುವಾರ ಬೆಳಿಗ್ಗೆ ಬನ್ನಿ, ಅವತ್ತು ಒಳಗೆ ವಾಹನ ಬಿಡುವುದಿಲ್ಲ. ಸ್ಟೀಲ್ ಟೇಪ್ ತರುತ್ತೇನೆ, ಮೊದಲು ಚಕ್ರದ ಅಳತೆ ಹಿಡಿಯಬೇಕು. ಸಬ್ 50 ಅವರೂ ಬರಲಿ.

ಎಲ್5 ಅಭಿಮಾನಿ
ಹಳೆಯ ವಾಚ್ ತಗೊಂಡವರಿಗೆ ನಿನ್ನೆ ಫೋನ್ ಮಾಡಿದೆ. ವಾಪಸ್ ಕೊಡುತ್ತೀರಾ ಅಂತ ಕೇಳಿದೆ. ಕೊಡುವುದಿಲ್ಲ, ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದರು.